ಮಾರ್ಗದರ್ಶಕನ ಆಯ್ಕೆ

ಸ್ನಾತಕೋತ್ತರ ಪದವಿಯ ಪ್ರಬಂಧಕ್ಕೆ ವಿಷಯವನ್ನು ಆರಿಸುವಾಗ ವಿದ್ಯಾರ್ಥಿಗಳು ತೋರುವ ಶ್ರದ್ಧೆ ಮಾರ್ಗದರ್ಶಕನನ್ನು ಆರಿಸುವಾಗ ಕಾಣಬರುವುದು ವಿರಳ. ವಿಭಾಗದಲ್ಲಿ ಯಾರ ಹೆಸರು ದೊಡ್ಡದು, ಯಾರು ತಮ್ಮ ಸೀಮೆಯವರು, ಯಾರು ಬೇಗ ಸಹಿ ಹಾಕುವರು ಎಂಬಿವೇ ಬಹುಮಟ್ಟಿಗೆ ಆಯ್ಕೆಯ ಅಳತೆಗೋಲುಗಳು. ಗುರುವೆಂದರೆ ದೈವವೆಂಬ ಹಳೆಯ ಸಂಸ್ಕಾರವೂ ಈ ಅವಿಚಾರಕ್ಕೆ ಒತ್ತಾಸೆಯಾಗಿದೆ. ದೈವವನ್ನು ಪರೀಕ್ಷಿಸುವವರುಂಟೆ? ಆದರೆ ಪ್ರಬಂಧದ ಮಾರ್ಗದರ್ಶಕನು ಇಡೀ ಬಾಳಿನ ಗುರುವಲ್ಲ. ಒಂದು ಪ್ರಶ್ನೆಯ ಮಟ್ಟಿಗೆ, ಒಂದೆರಡು ವರ್ಷದ ಮಟ್ಟಿಗೆ ದಾರಿ ತೋರಿಸುವವನು. ಆ ಪ್ರಶ್ನೆಗೆ ಆತನು ತಕ್ಕವನೆ ಎಂದು ವಿಚಾರಿಸುವುದರಲ್ಲಿ ಅವಿನಯವೇನೂ ಇಲ್ಲ.

ಈ ಮಾತಿಗೆ ಮುಂಬಯಿಯಲ್ಲಿಯೇ ಒಂದು ನಿದರ್ಶನವುಂಟು. ಮೈಸೂರಿನಲ್ಲಿ ಪದವಿ ಪಡೆದ ಎಂ. ಎನ್. ಶ್ರೀನಿವಾಸರು ಸಮಾಜಶಾಸ್ತ್ರದ ಎಂ.ಎ. ವ್ಯಾಸಂಗಕ್ಕಾಗಿ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಬಂದು ಜಿ. ಎಸ್. ಘುರ್ಯೆಯವರ ಶಿಷ್ಯರಾದರು. ಅವರ ಎಂ.ಎ. ಪ್ರಬಂಧದ ವಿಷಯ ಮೈಸೂರು ಸಂಸ್ಥಾನದ ಕನ್ನಡ ಜಾತಿಗಳ ವಿವಾಹ ಮತ್ತು ಕುಟುಂಬ. ಅದು 1942ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ದೂರದ ನಗರಕ್ಕೆ ಬಂದ ಶಿಷ್ಯನು ತನಗೆ ಬಲ್ಲ ನಾಡನ್ನೇ ಶಾಸ್ತ್ರದ ಕಣ್ಣಿನಿಂದ ಮತ್ತೆ ನೋಡುವಂತಾದುದು ಈ ಪ್ರಬಂಧದ ವಿಶೇಷ. ಹೊರನಾಡಿನಲ್ಲಿ ಓದುವವನಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಮಾರ್ಗದರ್ಶಕನು ಮಾಡಲಾರನು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಘುರ್ಯೆಯವರ ಕೈಕೆಳಗೆ ಕೊಡವರನ್ನು ಕುರಿತು ಡಾಕ್ಟರೇಟ್ ಪ್ರಬಂಧವನ್ನು ಬರೆದ ಶ್ರೀನಿವಾಸರು 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ರ‍್ಯಾಡ್‌ಕ್ಲಿಫ್ ಬ್ರೌನ್ ಅವರ ಮಾರ್ಗದರ್ಶನದಲ್ಲಿ ಅದೇ ಸಾಮಗ್ರಿಯನ್ನು ಹೊಸದಾಗಿ ವಿಶ್ಲೇಷಿಸತೊಡಗಿದರು. ಮೊದಲಿನ ಗುರುವಿನ ಒಲವು ಆಚಾರಗಳ ವಿವರ, ಚರಿತ್ರೆ ಹಾಗೂ ಪ್ರಸರಣಗಳ ಕಡೆಗೆ. ಎರಡನೆಯವರದು ಆಚಾರವು ಸಮಾಜದ ರಚನೆಯನ್ನು ಹೇಗೆ ಎತ್ತಿಹಿಡಿಯುವುದೆಂಬ ಪ್ರಶ್ನೆಯ ಕಡೆಗೆ. ಈ ಮರುವಿಚಾರದ ಫಲವಾಗಿ 1952ರಲ್ಲಿ ಪ್ರಕಟವಾದ ಕೊಡವರ ಧರ್ಮ ಮತ್ತು ಸಮಾಜದ ಗ್ರಂಥ ಶ್ರೀನಿವಾಸರಿಗೆ ಅಂತರರಾಷ್ಟ್ರೀಯ ಖ್ಯಾತಿಯನ್ನು ತಂದಿತು. ಸಾಮಗ್ರಿ ಒಂದೇ, ಶಿಷ್ಯನೂ ಒಬ್ಬನೇ, ಬದಲಾದುದು ಪ್ರಶ್ನೆ. ಮಾರ್ಗದರ್ಶಕನು ಕೊಡುವುದು ಪುಸ್ತಕಗಳ ಪಟ್ಟಿಯನ್ನಲ್ಲ, ಪ್ರಶ್ನೆ ಕೇಳುವ ರೀತಿಯನ್ನು. ಇದರಿಂದ ಘುರ್ಯೆಯವರು ಕಡಮೆಯವರೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಸಾಮಗ್ರಿಯನ್ನು ಕೂಡಿಹಾಕುವ ಕಷ್ಟ ತಿಳಿಯದವನಿಗೆ ಅದನ್ನು ವಿಶ್ಲೇಷಿಸುವ ಹಕ್ಕು ಬರುವುದಿಲ್ಲ. ಎಂ.ಎ. ಹಂತಕ್ಕೆ ತಕ್ಕ ಗುರು, ಮುಂದಿನ ಹಂತಕ್ಕೆ ತಕ್ಕ ಗುರು ಬೇರೆಯಾಗಿರಬಹುದೆಂಬುದೇ ಇಲ್ಲಿಯ ಪಾಠ.

ಘುರ್ಯೆಯವರ ಮತ್ತೊಬ್ಬ ಶಿಷ್ಯೆ ಇರಾವತಿ ಕರ್ವೆಯವರ ಬಾಳಿನಿಂದ ಇನ್ನೊಂದು ಅಳತೆಗೋಲು ದೊರೆಯುತ್ತದೆ. 1928ರಲ್ಲಿ ಬರ್ಲಿನ್ನಿಗೆ ಹೋದ ಅವರಿಗೆ ಮಾರ್ಗದರ್ಶಕರಾದವರು ಜನಾಂಗಭೇದವನ್ನು ಬಲವಾಗಿ ನಂಬಿದ್ದ ಫಿಷರ್. ತಲೆಬುರುಡೆಯ ಎಡಬಲಗಳ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧವಿಲ್ಲವೆಂಬುದೇ ಕರ್ವೆಯವರ ಅಳತೆಗಳಿಂದ ಹೊರಟ ಫಲಿತಾಂಶ. ಅವರು ಗುರುವಿನ ನಂಬಿಕೆಗಾಗಿ ಅಂಕಿಗಳನ್ನು ತಿದ್ದಲಿಲ್ಲ. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಅಧ್ಯಾಯವನ್ನು ತಾಳ್ಮೆಯಿಂದ ಓದಬಲ್ಲನೆ ಎಂಬುದನ್ನು ಮಾರ್ಗದರ್ಶಕನ ವಿಷಯದಲ್ಲಿ ಮೊದಲೇ ತಿಳಿಯಬೇಕು. ಓದಲಾರದವನ ಬಳಿ ಶಿಷ್ಯನಿಗೆ ಅಸಾಧಾರಣ ಧೈರ್ಯ ಬೇಕಾಗುತ್ತದೆ.

ಈ ವಿಚಾರ ಇಂದು ಮತ್ತಷ್ಟು ತೂಕವುಳ್ಳದ್ದಾಗಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನು ನಿಲ್ಲಿಸಿತು. ಆದುದರಿಂದ ಡಾಕ್ಟರೇಟಿಗೆ ಮುನ್ನ ಸಂಶೋಧನೆಯನ್ನು ಕಲಿಯಲು ಅನೇಕರಿಗೆ ಉಳಿದ ಅವಕಾಶ ಎಂ.ಎ. ಪ್ರಬಂಧವೊಂದೇ. ಡಾಕ್ಟರೇಟಿನಲ್ಲಿ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಾರದೆಂದು ಅದೇ ನಿಯಮಾವಳಿ ಹೇಳುತ್ತದೆ. ಮಾರ್ಗದರ್ಶಕನ ವೇಳೆಗೂ ಮಿತಿಯುಂಟೆಂಬ ಈ ತತ್ತ್ವ ಎಂ.ಎ. ಪ್ರಬಂಧಕ್ಕೂ ಸಲ್ಲತಕ್ಕದ್ದು.

ಹೊರನಾಡಿನ ಕನ್ನಡ ವಿಭಾಗಗಳಲ್ಲಿ ಅಧ್ಯಾಪಕರು ಕೆಲವರೇ ಇರುವಾಗ ಆಯ್ಕೆಯೆಲ್ಲಿಯದು ಎಂಬ ಆಕ್ಷೇಪ ಸಹಜವಾದುದೇ. ಆದರೆ ಆಯ್ಕೆ ಕಿರಿದಾದಷ್ಟೂ ವಿಚಾರಣೆ ಹಿರಿದಾಗಬೇಕು. ಆ ಅಧ್ಯಾಪಕರ ಹಿಂದಿನ ಶಿಷ್ಯರ ಪ್ರಬಂಧಗಳನ್ನು ಓದಿ ನೋಡಬೇಕು; ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಎಚ್ಚರಗೊಳ್ಳಬೇಕು. ಕರಡನ್ನು ಅವರು ತಿದ್ದಿಕೊಡುವರೆ, ಇಲ್ಲವೆ ಸಹಿ ಹಾಕಿ ಕಳುಹಿಸುವರೆ ಎಂಬುದನ್ನು ಆ ಶಿಷ್ಯರಿಂದಲೇ ಕೇಳಿ ತಿಳಿಯಬಹುದು. ಶಾಸನವನ್ನೋ ಜಾನಪದವನ್ನೋ ಕುರಿತ ಪ್ರಬಂಧಕ್ಕೆ ಬೇರೆ ವಿಭಾಗದ, ಬೇರೆ ಊರಿನ ತಜ್ಞರ ನೆರವನ್ನು ಪಡೆಯಲು ಅವರು ಸಂತೋಷದಿಂದ ಒಪ್ಪುವರೆ ಎಂಬುದು ಕಡೆಯ ಪರೀಕ್ಷೆ. ತನಗೆ ತಿಳಿಯದುದನ್ನು ತಿಳಿದವರ ಬಳಿಗೆ ಶಿಷ್ಯನನ್ನು ಕಳುಹಿಸಿಕೊಡುವ ಅಧ್ಯಾಪಕನು ಹೆಸರಿನಲ್ಲಿ ಚಿಕ್ಕವನಾದರೂ ಮಾರ್ಗದರ್ಶಕನೆಂಬ ಪದಕ್ಕೆ ಪೂರ್ಣವಾಗಿ ಅರ್ಹನು.