ಚರ್ಮದ ಬೂಟಿನ ಪರೀಕ್ಷೆ: ಮಾಕಳಿದುರ್ಗದಿಂದ ಕುಂದಾದ್ರಿಯವರೆಗೆ

ಯಲಹಂಕದ ನಮ್ಮ ಸಮಾಜದ ಕೆಲವು ತರುಣರು ಕಳೆದ ವರ್ಷ ಬೆನ್ನಿಗೆ ಚೀಲ ಹೊತ್ತು ಆಗುಂಬೆಯಿಂದ ಕುಂದಾದ್ರಿಗೆ ಕಾಲ್ನಡಿಗೆಯಲ್ಲಿ ಹೋಗುವ ಏರ್ಪಾಡು ಮಾಡಿಕೊಂಡರು. ಸಂತೋಷದ ಸಂಗತಿಯೇ. ಆದರೆ ಅವರಲ್ಲೊಬ್ಬ ಹುಡುಗ ಈ ಪ್ರವಾಸಕ್ಕೆಂದೇ ಏಳು ಸಾವಿರ ರೂಪಾಯಿ ತೆತ್ತು ಒಂದು ಜೊತೆ ಚರ್ಮದ ಬೂಟು ಕೊಂಡು ತಂದಿದ್ದ. ವಿಷಯ ಬಸದಿಯ ಟ್ರಸ್ಟಿನ ಸಭೆಯವರೆಗೂ ಬಂದಿತು. ಚರ್ಮದ ಬೂಟು ಬೆಟ್ಟಕ್ಕೆ ನಿರುಪಯುಕ್ತ, ಬಂಡೆಯ ಮೇಲೆ ಜಾರುತ್ತದೆ, ಅದು ಬರಿಯ ಶೋಕಿ ಎಂದು ಹಿರಿಯರೊಬ್ಬರು ಹೇಳಿದರು. ನಾನೂ ತಲೆಯಾಡಿಸಿದೆ. ಆಗ ಆ ಹುಡುಗ, ಸ್ವರವನ್ನೇನೂ ಏರಿಸದೆ, "ತಮ್ಮಲ್ಲಿ ಯಾರಾದರೂ ಇದನ್ನು ತೊಟ್ಟು ನಡೆದಿದ್ದೀರಾ?" ಎಂದು ಕೇಳಿದ. ಸಭೆಯಲ್ಲಿದ್ದ ಹನ್ನೊಂದು ಮಂದಿಯಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ.

ಆ ಮೌನ ನನ್ನನ್ನು ಕೆಲವು ದಿನ ಕಾಡಿತು. ಅಹಿಂಸೆಯನ್ನು ಎತ್ತಿಹಿಡಿಯುವ ಅವಸರದಲ್ಲಿ ಸತ್ಯವನ್ನು ಕೈಬಿಟ್ಟೆವೇ ಎಂಬ ಶಂಕೆ ಹುಟ್ಟಿತು. ಎರಡೂ ಅಣುವ್ರತಗಳೇ, ಒಂದರ ಹೆಸರಿನಲ್ಲಿ ಇನ್ನೊಂದಕ್ಕೆ ರಿಯಾಯಿತಿಯಿಲ್ಲ. ವ್ಯವಹಾರದೃಷ್ಟಿಯಿಂದ ನೋಡಿದರೂ ಇದು ನಷ್ಟದ ಮಾತು. ಚರ್ಮ ಕೆಟ್ಟ ಸರಕು ಎಂದು ನಂಬಿ ಬಿಟ್ಟ ಹುಡುಗ, ಅದು ಒಳ್ಳೆಯ ಸರಕೆಂದು ತಿಳಿದ ದಿನವೇ ಅದನ್ನು ತೊಡುತ್ತಾನೆ, ನಮ್ಮನ್ನು ಸುಳ್ಳುಗಾರರೆಂದೂ ಎಣಿಸುತ್ತಾನೆ. ಆದುದರಿಂದ ಮೊದಲು ಪರೀಕ್ಷೆಯಾಗಲಿ, ತೀರ್ಮಾನ ಆಮೇಲೆ ಎಂದು ನಾನೇ ಸೂಚಿಸಿದೆ.

ಪರೀಕ್ಷೆಗೆ ಮೂರು ಜೊತೆ. ಹುಡುಗನ ಚರ್ಮದ ಬೂಟು. ಅವನ ಸ್ನೇಹಿತನ ಕೃತಕ ಬಟ್ಟೆಯ, ಒಳಗೆ ನೀರು ತಡೆಯುವ ಪೊರೆಯುಳ್ಳ ಬೂಟು. ನನ್ನವು ಕಣಕಾಲು ಮುಚ್ಚುವ ರಬ್ಬರ್ ಅಡಿಯ ಕ್ಯಾನ್ವಾಸ್ ಬೂಟು, ಬೆಲೆ ಆರುನೂರರ ಒಳಗೆ. ಯಶವಂತಪುರದ ಮಂಡಿಯಲ್ಲಿ ನಲವತ್ತು ವರ್ಷ ಧಾನ್ಯ ತೂಗಿದವನಾದ್ದರಿಂದ ಮೊದಲು ಮೂರನ್ನೂ ತಕ್ಕಡಿಗೆ ಏರಿಸಿದೆ. ಚರ್ಮದ ಜೊತೆ 1,540 ಗ್ರಾಂ, ಕೃತಕದ್ದು 940, ಕ್ಯಾನ್ವಾಸಿನದು 620. ಚರ್ಮದ ಬೂಟನ್ನು ನಾನು ತೊಡಲಿಲ್ಲ. ಹೀಗಾಗಿ ಅದರ ವಿಷಯದಲ್ಲಿ ನನ್ನ ವಿಮರ್ಶೆ ಆ ಹುಡುಗನ ಮಾತನ್ನೂ ನನ್ನ ಕಣ್ಣನ್ನೂ ಮಾತ್ರ ಅವಲಂಬಿಸಿದೆ. ಈ ನ್ಯೂನತೆಯನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕು.

ಡಿಸೆಂಬರ್ ತಿಂಗಳಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಮಾಕಳಿದುರ್ಗ ಹತ್ತಿದೆವು. ಯಲಹಂಕದಿಂದ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರಕ್ಕೆ ಹೋಗುವ ರೈಲುದಾರಿಯ ಮಗ್ಗುಲಲ್ಲೇ ಇರುವ ಕಲ್ಲುಬೆಟ್ಟವಿದು. ನೆತ್ತಿಯ ಮೇಲೆ ಪಾಳುಕೋಟೆ, ಶಿವನ ಗುಡಿ; ಕೆಳಗೆ ಗುಂಡಮಗೆರೆ ಕೆರೆ. ಒಬ್ಬೊಬ್ಬರ ಚೀಲದಲ್ಲೂ ಎಂಟು ಕಿಲೋ ಭಾರ. ಜಾಲಿಮುಳ್ಳಿನ ಹಾದಿಯಲ್ಲಿ ಚರ್ಮ ತನ್ನ ಗುಣ ತೋರಿತು. ನನ್ನ ಕ್ಯಾನ್ವಾಸಿನ ಪಕ್ಕದಿಂದ ಎರಡು ಮುಳ್ಳು ಒಳಗಿಳಿದವು. ಅವನಿಗೆ ಒಂದೂ ತಾಗಲಿಲ್ಲ. ಸಡಿಲ ಕಲ್ಲುಗಳ ನಡುವೆ ಅವನ ಕಣಕಾಲು ಭದ್ರವಾಗಿತ್ತು; ನನ್ನದು ಎರಡು ಬಾರಿ ಹೊರಳಿತು. ಇಳಿಯುವಾಗ ಮಾತ್ರ ಅವನು ಮೆಟ್ಟಿಲಿನಂಥ ಕಲ್ಲುಗಳ ಮೇಲೆ ಕುಳಿತು ಕುಳಿತು ಬಂದ. ಹೊಸ ಚರ್ಮ ಪಾದಕ್ಕೆ ಒಗ್ಗಲು ಹಲವು ವಾರ ಬೇಕು. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ಬಂಡೆಯ ಮೇಲೆ ಜಾರುತ್ತದೆ ಎಂಬ ಹಿರಿಯರ ಮಾತು ಇಲ್ಲಿಯೇ ಬಿದ್ದುಹೋಯಿತು. ಚರ್ಮ ಹಿಡಿಯುತ್ತದೆ ಎಂಬ ಅಂಗಡಿಯವರ ಮಾತೂ ಅದರೊಂದಿಗೇ ಬಿದ್ದಿತು. ಬಂಡೆಯನ್ನು ಹಿಡಿಯುವುದು ಚರ್ಮವಲ್ಲ, ಅಡಿಯ ರಬ್ಬರು. 1935ರಲ್ಲಿ ಇಟಲಿಯ ಪುಂತಾ ರಾಸಿಕಾ ಶಿಖರದಲ್ಲಿ ಆರು ಮಂದಿ ಪರ್ವತಾರೋಹಿಗಳು ಅಸುನೀಗಿದರು. ಆ ದುರಂತದ ತರುವಾಯ ವಿತಾಲೆ ಬ್ರಮಾನಿ ಎಂಬ ಮಾರ್ಗದರ್ಶಿ 1937ರಲ್ಲಿ ಆಳವಾದ ಹಲ್ಲುಗಳುಳ್ಳ ರಬ್ಬರ್ ಅಡಿಯನ್ನು ರೂಪಿಸಿದ. ಇಂದು ವಿಬ್ರಾಮ್ ಎಂದು ಕರೆಯುವುದು ಅವನ ಹೆಸರನ್ನೇ ಕುಗ್ಗಿಸಿದ ಪದ. ಅದಕ್ಕೆ ಮುಂಚೆ ಆಲ್ಪ್ಸ್ ಪರ್ವತದಲ್ಲಿ ಮೊಳೆ ಹೊಡೆದ ಚರ್ಮದ ಅಡಿಗಳೇ ರೂಢಿಯಲ್ಲಿದ್ದವು. ಎಂದರೆ ಬೂಟಿನ ಅತಿ ಮುಖ್ಯ ಕೆಲಸವನ್ನು ಚರ್ಮ ಬಹುಕಾಲದ ಹಿಂದೆಯೇ ಬಿಟ್ಟುಕೊಟ್ಟಿದೆ.

ಎರಡನೆಯ ಪರೀಕ್ಷೆ ಸೆಪ್ಟೆಂಬರಿನಲ್ಲಿ. ಯಶವಂತಪುರದಿಂದ ಶಿವಮೊಗ್ಗಕ್ಕೆ ರೈಲು, ಅಲ್ಲಿಂದ ತೀರ್ಥಹಳ್ಳಿಯ ಮೇಲೆ ಬಸ್ಸು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಬೂಟಿನ ಪರೀಕ್ಷೆಗೆ ಇದಕ್ಕಿಂತ ಕಠಿಣ ಪರೀಕ್ಷಕ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ. ಗುಡ್ಡೇಕೇರಿಯ ಮಾರ್ಗವಾಗಿ ಎರಡು ದಿನದ ನಡಿಗೆ. ನಡುವೆ ಪರಿಚಿತರ ಅಡಕೆ ತೋಟದ ಮನೆಯಲ್ಲಿ ರಾತ್ರಿಯ ತಂಗು. ಕೈಯಲ್ಲಿ ಸ್ಪ್ರಿಂಗ್ ತಕ್ಕಡಿ ಹಿಡಿದಿದ್ದೆ; ಹುಡುಗರು ನಗುತ್ತಿದ್ದರು.

ಮೊದಲ ಮೂರು ಗಂಟೆ ಚರ್ಮದ ಬೂಟಿನ ಒಳಭಾಗ ಒಣಗಿಯೇ ಇತ್ತು. ನನ್ನದು ಮೂರು ನಿಮಿಷದಲ್ಲಿ ನೆನೆದಿತ್ತು. ಮಧ್ಯಾಹ್ನದ ವೇಳೆಗೆ ಎಲ್ಲರ ಸ್ಥಿತಿಯೂ ಒಂದೇ, ಏಕೆಂದರೆ ಮಳೆ ಬೂಟಿನ ಬಾಯಿಂದಲೇ ಒಳಗೆ ಬರುತ್ತದೆ. ಪೊರೆಯುಳ್ಳ ಬೂಟಂತೂ ಹೊರಗಿನ ನೀರನ್ನು ತಡೆದಷ್ಟೇ ನಿಷ್ಠೆಯಿಂದ ಒಳಗಿನ ನೀರನ್ನೂ ತಡೆಹಿಡಿಯಿತು. ಸಂಜೆ ತೂಗಿದಾಗ ಚರ್ಮದ ಜೊತೆ 2,050 ಗ್ರಾಂ, ನನ್ನದು 860. ಬಚ್ಚಲೊಲೆಯಿಂದ ಮಾರು ದೂರದಲ್ಲಿ ಎರಡನ್ನೂ ಇಟ್ಟೆವು. ಚರ್ಮವನ್ನು ಬೆಂಕಿಗೆ ಇನ್ನೂ ಹತ್ತಿರ ಇಟ್ಟರೆ ಬಿರಿಯುತ್ತದೆ. ಬೆಳಿಗ್ಗೆ ಅದು 1,900, ಕ್ಯಾನ್ವಾಸ್ 690. ಎರಡನೆಯ ದಿನ ಆ ಹುಡುಗ ಒದ್ದೆ ಭಾರವನ್ನೇ ಎಳೆದುಕೊಂಡು ಕುಂದಾದ್ರಿ ಹತ್ತಿದ.

ಇಂಬಳಗಳ ವಿಷಯವನ್ನೂ ಹೇಳಬೇಕು. ಕ್ಯಾನ್ವಾಸಿನ ದಾರದ ಕಣ್ಣುಗಳಿಂದ ಅವು ಸರಾಗವಾಗಿ ನುಸುಳಿದವು. ಚರ್ಮದ ಬೂಟಿಗೆ ನಾಲಿಗೆಯ ಅಂಚು ಹೊಲಿದಿದ್ದುದರಿಂದ ಒಳಗೆ ಹೋಗಲಾರದೆ ಕಾಲಿನ ಮೇಲಕ್ಕೆ ಏರಿದವು. ಇಂಬಳಕ್ಕೆ ಉಪ್ಪು ಹಾಕುವುದು ಮಲೆನಾಡಿನ ವಾಡಿಕೆ. ಅದು ಸಾಯುತ್ತದೆ. ಉಗುರಿನಿಂದ ಮೆಲ್ಲನೆ ಬಿಡಿಸಿ ಎಲೆಯ ಮೇಲೆ ಬಿಟ್ಟೆವು. ಒತ್ತಾಗಿ ನೇಯ್ದ ಹತ್ತಿಯ ಉದ್ದ ಚೀಲವನ್ನು ಮೊಣಕಾಲಿನವರೆಗೆ ಕಟ್ಟಿದರೆ ಈ ತೊಂದರೆಯೇ ಇಲ್ಲವೆಂದು ತೋಟದ ಮನೆಯವರು ಹೇಳಿದರು. ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಆದ್ದರಿಂದ ನಿಷ್ಪಕ್ಷಪಾತವಾಗಿ ಬರೆಯುವುದಾದರೆ: ಮುಳ್ಳು, ಚೂಪುಗಲ್ಲು, ಭಾರ ಹೊತ್ತ ಕಣಕಾಲು, ಇವುಗಳಿಗೆ ಚರ್ಮವೇ ಮೇಲು. ನಮ್ಮ ಸಭೆಯ ಮಾತು ತಪ್ಪು. ತೂಕ, ಒಣಗುವ ವೇಗ, ಬೆಲೆ, ಪಾದಕ್ಕೆ ಒಗ್ಗುವ ಸುಲಭತೆ, ಇವುಗಳಲ್ಲಿ ಚರ್ಮ ಕೀಳು. ಬಾಳಿಕೆಯ ಪ್ರಶ್ನೆ ಜಟಿಲ. ಮೇಲಿನ ಚರ್ಮ ಹತ್ತು ವರ್ಷ ಬಾಳಬಹುದು. ಆದರೆ ಈಗಿನ ಅನೇಕ ಬೂಟುಗಳ ನಡುವಿನ ಮೆತ್ತೆ ಪಾಲಿಯುರೆಥೇನಿನದು. ಅದು ಗಾಳಿಯ ತೇವಕ್ಕೆ ತಾನಾಗಿಯೇ ಶಿಥಿಲವಾಗಿ, ಅಟ್ಟದ ಮೇಲೆ ಇಟ್ಟಲ್ಲೇ ಪುಡಿಯಾಗುತ್ತದೆ. ಅಡಿಯನ್ನು ಬಿಚ್ಚಿ ಬದಲಾಯಿಸಲು ಬರುವ ಬೂಟಾದರೆ ಮಾತ್ರ ಬಾಳಿಕೆಯ ವಾದಕ್ಕೆ ಬೆಲೆ.

ಚಾರಣದ ಪತ್ರಿಕೆಗಳಲ್ಲಿ ಬರುವ ಬೂಟು ಪರೀಕ್ಷೆಗಳನ್ನು ಈ ನೆಪದಲ್ಲಿ ಹಲವು ಓದಿದೆ. ತೂಕ, ಹಿಡಿತ, ನೀರು, ಬೆಲೆ ಎಲ್ಲಕ್ಕೂ ಅಂಕಗಳುಂಟು. ಆ ಚರ್ಮ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಸಾಲೂ ಕಾಣಲಿಲ್ಲ. ಚರ್ಮ "ಉಸಿರಾಡುತ್ತದೆ" ಎಂಬುದು ಆ ಬರಹಗಳ ಪ್ರಿಯವಾದ ಮಾತು. ಉಸಿರಾಡುತ್ತಿದ್ದುದು ಯಾವುದು ಎಂದು ಕೇಳುವ ಬುದ್ಧಿ ಯಾವ ಪರೀಕ್ಷಕನಿಗೂ ಬಾರದಿರುವುದು ಆಶ್ಚರ್ಯ. ಆರೈಕೆಯ ಅಧ್ಯಾಯವೂ ಹಾಗೆಯೇ. ಬೂಟಿಗೆ ಸವರಲು ಹೇಳುವ ಡಬ್ಬಿಗಳಲ್ಲಿ ಜೇನುಮೇಣವಿರುತ್ತದೆ. ಕೆಲವದರಲ್ಲಿ ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಪ್ರಾಣಿಯ ಕೊಬ್ಬಿನ ಎಣ್ಣೆಯೇ ಇರುತ್ತದೆ. ಒಮ್ಮೆ ಕೊಂಡರೆ ಮುಗಿಯುವ ಹಿಂಸೆ ಇದಲ್ಲ, ವರ್ಷಕ್ಕೆರಡು ಬಾರಿ ಸವರಬೇಕಾದದ್ದು.

ಹುಡುಗನ ಮುಖ್ಯ ವಾದ ಬೇರೆಯೇ ಇತ್ತು, ಅದು ದುರ್ಬಲವಾದದ್ದಲ್ಲ. "ಪಶುವನ್ನು ಕೊಲ್ಲುವುದು ಮಾಂಸಕ್ಕಾಗಿ. ಚರ್ಮ ಉಳಿಕೆ ಪದಾರ್ಥ. ನಾನು ಕೊಳ್ಳದಿದ್ದರೆ ಅದು ಕೊಳೆಯುತ್ತದೆ." ಇದಕ್ಕೆ ಉತ್ತರ ಶಾಸ್ತ್ರಗ್ರಂಥದಲ್ಲಿ ಸಿಗುವ ಮೊದಲು ನಾನು ಬಿ.ಕಾಂ. ತರಗತಿಯಲ್ಲಿ ಓದಿದ ಪರಿವ್ಯಯ ಲೆಕ್ಕಶಾಸ್ತ್ರದಲ್ಲಿಯೇ ಸಿಕ್ಕಿತು. ಉಪೋತ್ಪನ್ನವನ್ನು ಮಾರಿ ಬಂದ ಹಣವನ್ನು ಲೆಕ್ಕಿಗನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುತ್ತಾನೆ. ಎಣ್ಣೆ ಗಾಣದವನಿಗೆ ಹಿಂಡಿಯ ಬೆಲೆ ಬಾರದಿದ್ದರೆ ಎಣ್ಣೆಯ ದರ ಏರುತ್ತದೆ; ಇದು ನಮ್ಮ ಮಂಡಿಯ ಕೂಲಿಯಾಳಿಗೂ ಗೊತ್ತು. ಅಂತೆಯೇ ತೊಗಲಿನ ಬೆಲೆ ಕಸಾಯಿಖಾನೆಯ ಜಮೆಯ ಪುಟದಲ್ಲಿ ಬೀಳುತ್ತದೆ. ಬೂಟು ಕೊಂಡವನು ಬೇಡದ ಕಸವನ್ನು ಎತ್ತಿಕೊಂಡಿಲ್ಲ; ವಧೆಯ ಖರ್ಚಿನಲ್ಲಿ ಒಂದು ಪಾಲನ್ನು ಭರಿಸಿದ್ದಾನೆ. ಕೃತ, ಕಾರಿತ, ಅನುಮೋದಿತ ಎಂದು ನಮ್ಮ ಆಚಾರ್ಯರು ಮೂರಾಗಿ ವಿಂಗಡಿಸಿದ್ದು ಈ ಬಗೆಯ ದೂರದ ಪಾಲುದಾರಿಕೆಯನ್ನು ಗುರುತಿಸಲಿಕ್ಕಾಗಿಯೇ. ಬೇಸಾಯದಲ್ಲೂ ಅಡುಗೆಯಲ್ಲೂ ಆಗುವ ಆರಂಭೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯ ನಿಜ. ಬಿಡುವಿನ ದಿನದ ಬೆಟ್ಟದ ನಡಿಗೆಯನ್ನು ಆ ಅನಿವಾರ್ಯದ ಪಟ್ಟಿಗೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಲೆಕ್ಕ ಪಶುವಿನಲ್ಲಿಯೇ ಮುಗಿಯುವುದಿಲ್ಲ. ಸುಣ್ಣ, ಸಲ್ಫೈಡುಗಳಿಂದ ಕೂದಲು ಕಳಚಿ, ಕ್ರೋಮಿಯಂ ಲವಣದಲ್ಲಿ ಹದಮಾಡಿದ ಚರ್ಮವೇ ಇಂದು ಪ್ರಪಂಚದಲ್ಲಿ ಬಹುಪಾಲು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿ ತಮಿಳುನಾಡಿಗೆ ಇಳಿದು ವಾಣಿಯಂಬಾಡಿ, ಆಂಬೂರುಗಳ ಹದಗಾರಿಕೆಯ ಕೇಂದ್ರಗಳನ್ನು ಹಾಯುತ್ತದೆ. ಆ ನದಿಗೂ ಸುತ್ತಲ ಹೊಲಗಳಿಗೂ ಬಾವಿಗಳಿಗೂ ಆದ ಹಾನಿಯ ಬಗ್ಗೆ 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಪ್ರಸಿದ್ಧವಾದದ್ದು. ನಂದಿಯಲ್ಲಿ ಸೂರ್ಯೋದಯ ನೋಡಲು ಚರ್ಮದ ಬೂಟು ತೊಟ್ಟು ಹೋಗುವವರು ಅದೇ ಸೀಮೆಯ ನೀರಿನ ಮುಂದಿನ ಗತಿಯನ್ನೂ ಅರಿತಿರಲಿ.

ತಾನಾಗಿ ಸತ್ತ ದನದ ಚರ್ಮವಾದರೆ? ಗಾಂಧೀಜಿ ಹಿಡಿದ ಮಾರ್ಗವಿದು. ದಕ್ಷಿಣ ಆಫ್ರಿಕದಲ್ಲಿ ತಾವೇ ಚಪ್ಪಲಿ ಹೊಲಿಯಲು ಕಲಿತು ಜನರಲ್ ಸ್ಮಟ್ಸ್‌ಗೆ ಒಂದು ಜೊತೆ ಕೊಟ್ಟವರು ಅವರು. ಸಾಬರಮತಿಯಲ್ಲಿ ಹದಗಾರಿಕೆಯನ್ನೂ ನಡೆಸಿದರು. ಆ ಮಾರ್ಗವನ್ನು ನಾನು ಗೌರವಿಸುತ್ತೇನೆ. ಆದರೆ ಅಂಗಡಿಯ ಬೂಟಿನ ಮೇಲೆ ಹಸು ಹೇಗೆ ಸತ್ತಿತೆಂದು ಬರೆದಿರುವುದಿಲ್ಲ. ಬಸವಣ್ಣನಿಗಾಗಿ ತನ್ನ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದ ಶರಣ ಹರಳಯ್ಯನ ಕಥೆ ಕನ್ನಡಿಗರೆಲ್ಲರೂ ಬಲ್ಲದ್ದು. ಅನ್ಯಜೀವಿಯನ್ನು ನೋಯಿಸದ ಚರ್ಮದ ಬೂಟು ನನಗೆ ತಿಳಿದಂತೆ ಅದೊಂದೇ. ಚರ್ಮವನ್ನು ಬಿಡುವ ನೆಪದಲ್ಲಿ ಚರ್ಮದ ಕೆಲಸಗಾರರನ್ನು ಹೀಗಳೆಯುವ ದುರಭ್ಯಾಸ ನಮ್ಮ ಮನೆಗಳಲ್ಲಿ ಇದೆ. ಸಭೆಯ ದಿನವೂ ಅಂಥ ಒಂದು ಮಾತು ಬಂತು. ಅದನ್ನು ಇಲ್ಲಿ ಬರೆಯಲು ಲಜ್ಜೆಯಾಗುತ್ತದೆ.

ಇನ್ನು ಕೃತಕ ಬೂಟು ನಿರ್ದೋಷಿಯೆಂದು ಭಾವಿಸುವಂತಿಲ್ಲ. ಅದು ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್, ಮಣ್ಣಿನಲ್ಲಿ ಕರಗದು. ಅದಕ್ಕಿಂತ ಮಿಗಿಲಾಗಿ, "ಬಟ್ಟೆಯ ಬೂಟು" ಎಂದು ಮಾರುವ ಎಷ್ಟೋ ಬೂಟುಗಳ ಮುಂದುದಿಗೂ ಹಿಮ್ಮಡಿಗೂ ಸ್ವೇಡ್ ಎಂಬ ಸೀಳುಚರ್ಮದ ತೇಪೆಗಳಿರುತ್ತವೆ. ನಮ್ಮ ಎರಡನೆಯ ಹುಡುಗನ ಬೂಟಿನಲ್ಲಿ ಅಂಥ ನಾಲ್ಕು ತೇಪೆಗಳಿದ್ದವು! ಸಭೆಯಲ್ಲಿ ಅವನನ್ನು ಯಾರೂ ಪ್ರಶ್ನಿಸಿರಲಿಲ್ಲ. ಐರೋಪ್ಯ ಒಕ್ಕೂಟದ 1994ರ ನಿಯಮದಂತೆ ಅಲ್ಲಿ ಮಾರುವ ಪಾದರಕ್ಷೆಗಳ ಮೇಲೆ ಚಿಹ್ನೆಗಳಿರಬೇಕು, ಇಲ್ಲಿಗೆ ಬರುವ ಅನೇಕ ಬೂಟುಗಳಲ್ಲೂ ಅವು ಕಾಣುತ್ತವೆ. ಹರಡಿದ ತೊಗಲಿನ ಆಕಾರವೆಂದರೆ ಚರ್ಮ, ಹೆಣಿಗೆಯೆಂದರೆ ಬಟ್ಟೆ, ವಜ್ರಾಕೃತಿಯೆಂದರೆ ಇತರ ವಸ್ತು. ಮೇಲ್ಭಾಗ, ಒಳಪದರ, ಅಡಿ ಮೂರಕ್ಕೂ ಬೇರೆ ಬೇರೆ. ಆದರೆ ಒಂದು ಭಾಗದ ಶೇಕಡ 80ರಷ್ಟು ಇರುವ ವಸ್ತುವಿಗೆ ಮಾತ್ರ ಚಿಹ್ನೆ ಸಲ್ಲುತ್ತದೆ. ಸಣ್ಣ ತೇಪೆ ಚಿಹ್ನೆಯಿಲ್ಲದೆ ತಪ್ಪಿಸಿಕೊಳ್ಳುತ್ತದೆ. ಕಣ್ಣಿನಿಂದಲೇ ನೋಡಬೇಕು, ಅಂಗಡಿಯವನನ್ನು ಕೇಳಬೇಕು.

ಕ್ಯಾನ್ವಾಸಿನಲ್ಲಿ ದೂರದ ನಡಿಗೆ ಆಗದು ಎನ್ನುವವರು ಎಮಾ ಗೇಟ್‌ವುಡ್ ಎಂಬ ಅಮೆರಿಕದ ಅಜ್ಜಿಯನ್ನು ನೆನೆಯಬೇಕು. 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಮೀರಿದ ಅಪಲೇಚಿಯನ್ ಹಾದಿಯನ್ನು ಕ್ಯಾನ್ವಾಸ್ ಬೂಟಿನಲ್ಲೇ ಒಬ್ಬಳೇ ನಡೆದು ಮುಗಿಸಿದಳು. ಹಿಮಪರ್ವತಕ್ಕೆ ಕ್ಯಾನ್ವಾಸ್ ಸಾಲದು, ಒಪ್ಪುತ್ತೇನೆ. ಆದರೆ ಎವರೆಸ್ಟಿನಂಥ ಎತ್ತರಕ್ಕೆ ಇಂದು ತೊಡುವುದೂ ಬಹುಮಟ್ಟಿಗೆ ಕೃತಕ ವಸ್ತುಗಳ ಬೂಟುಗಳನ್ನೇ.

ಟ್ರಸ್ಟು ಈಗ ಬೇರೆ ಬೇರೆ ಅಳತೆಯ ಹನ್ನೆರಡು ಜೊತೆ ಕ್ಯಾನ್ವಾಸ್ ಬೂಟು, ಇಂಬಳ ತಡೆಯುವ ಹತ್ತಿಯ ಚೀಲಗಳನ್ನು ಕೊಂಡು ಯಾತ್ರೆಗೆ ಹೋಗುವ ಮಕ್ಕಳಿಗೆ ಎರವಲು ಕೊಡುತ್ತಿದೆ. ಚರ್ಮದ ಬೂಟನ್ನು ನಿಷೇಧಿಸುವ ಠರಾವು ಬೇಡವೆಂದು ನಾನು ಹೇಳಿದೆ. ಒಬ್ಬರ ವಿರೋಧದೊಡನೆ ಅಂಗೀಕಾರವಾಯಿತು.

ಆ ಹುಡುಗನ ಬೂಟಿನ ಸಂಗತಿ ಉಳಿಯಿತು. ಕುಂದಾದ್ರಿಯ ನೆತ್ತಿಯಲ್ಲಿ ಪಾರ್ಶ್ವನಾಥ ಸ್ವಾಮಿಯ ಬಸದಿಯ ಹೊರಗೆ ಮೂರು ಜೊತೆಗಳನ್ನೂ ಸಾಲಾಗಿ ಬಿಟ್ಟು, ಮಳೆಯಲ್ಲಿ ತಣ್ಣಗಿದ್ದ ಕಲ್ಲಿನ ಮೇಲೆ ಬರಿಗಾಲಲ್ಲಿ ಒಳಗೆ ಹೋದೆವು. ಹಿಂತಿರುಗುವಾಗ ತೋಟದ ಮನೆಯಲ್ಲಿ ಅವನು ಬೂಟನ್ನು ಅಲ್ಲಿನ ಆಳೊಬ್ಬನಿಗೆ ಕೊಟ್ಟ. ಯಾರೂ ಹೇಳಿಕೊಟ್ಟದ್ದಲ್ಲ. ಎಸೆದರೆ ಆ ಜೀವ ಮರಳಿ ಬಾರದು, ಇನ್ನೊಬ್ಬನಾದರೂ ಹೊಸದು ಕೊಳ್ಳುವುದು ತಪ್ಪಲಿ ಎಂಬುದು ಅವನ ಲೆಕ್ಕ. ಆಳು ಬೂಟನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, ತೋಟದ ಮಳೆಗೆ ಇದು ಬಾರದು, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಹಾಕಿಕೊಳ್ಳುತ್ತೇನೆ ಎಂದ. ಹುಡುಗ ಹವಾಯಿ ಚಪ್ಪಲಿಯಲ್ಲಿ ಯಶವಂತಪುರ ನಿಲ್ದಾಣದಲ್ಲಿ ಇಳಿದ.