ಮರ್ಯಾದೆ ಅನ್ನುವ ಗಡಿ: ಒಂದೇ ವರ್ಷದ ಎರಡು ಪುಸ್ತಕಗಳು

ನಮಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟ ಮೊದಲ ಪಾಠ 'ಮರ್ಯಾದೆಯಿಂದ ಇರು' ಅನ್ನುವುದು. ಊರೊಳಕ್ಕೆ ಹೊರಟರೆ ಅವ್ವ ಹೇಳುತ್ತಿದ್ದಳು. ಇಸ್ಕೂಲಲ್ಲಿ ಮೇಷ್ಟ್ರು ಹೇಳುತ್ತಿದ್ದರು. ಗದ್ದೆ ಬದುವಿನ ಮೇಲೆ ನಿಂತು ಗೌಡರು ಹೇಳುತ್ತಿದ್ದರು. ಮಾತು ಒಂದೇ. ಅವ್ವನ ದನಿಯಲ್ಲಿ ಹೆದರಿಕೆ ಇತ್ತು, ಮೇಷ್ಟ್ರ ದನಿಯಲ್ಲಿ ಉಪದೇಶ ಇತ್ತು, ಗೌಡರ ದನಿಯಲ್ಲಿ ಎಚ್ಚರಿಕೆ ಇತ್ತು. ಡಿಗ್ರಿ ಓದುವಾಗ ನಿಘಂಟು ತೆಗೆದು ನೋಡಿದೆವು. ಮರ್ಯಾದೆ ಅನ್ನುವ ಸಂಸ್ಕೃತ ಪದದ ಮೂಲ ಅರ್ಥವೇ ಗಡಿ, ಎಲ್ಲೆ, ಮೇರೆ. ಅಂದರೆ ಮೂವರಲ್ಲಿ ಗೌಡರೇ ಆ ಪದವನ್ನು ಸರಿಯಾಗಿ ಬಳಸುತ್ತಿದ್ದರು. ನಿನ್ನ ಗಡಿ ದಾಟಬೇಡ ಕಣ್ಲಾ ಅಂತ.

ಈಗ ಅದೇ ಪಾಠ ಹೊಸ ಅಂಗಿ ತೊಟ್ಟು ಬಂದಿದೆ. ಹೆಸರು 'ವ್ಯಕ್ತಿತ್ವ ವಿಕಸನ'. ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ, ಉದ್ಯೋಗ ಮೇಳಗಳಲ್ಲಿ ಟೈ ಕಟ್ಟಿಕೊಂಡವರು ಬಂದು ಕಲಿಸುತ್ತಾರೆ. ಹೇಗೆ ನಗಬೇಕು, ಹೇಗೆ ಕೈ ಕುಲುಕಬೇಕು, ಇಂಟರ್‌ವ್ಯೂನಲ್ಲಿ ಹೇಗೆ ಕೂರಬೇಕು ಅಂತ. ನಾವೂ ಕೂತು ಕೇಳಿದ್ದೇವೆ, ನೋಟ್ಸ್ ಮಾಡಿಕೊಂಡಿದ್ದೇವೆ. ಅಪ್ಪ ಅವ್ವ ಹೆಬ್ಬೆಟ್ಟಿನವರಾದ ಮನೆಯಿಂದ ಬಂದವರಿಗೆ ಆ ಪಾಠದ ಮೇಲೆ ಎಂಥ ಆಸೆ ಇರುತ್ತದೆ ಅಂತ ಬಲ್ಲವರೇ ಬಲ್ಲರು. ಆ ಆಸೆಯನ್ನು ನಾವು ಗೇಲಿ ಮಾಡುವುದಿಲ್ಲ. ಆದರೆ ಆ ಪಾಠವನ್ನು ವಿಮರ್ಶೆ ಮಾಡದೆ ನುಂಗಿದರೆ ಏನಾಗುತ್ತದೆ ಅನ್ನುವುದನ್ನು ಹೇಳಲೇಬೇಕು.

ಈ ಪಾಠಗಳ ತಾಯಿಬೇರು ಡೇಲ್ ಕಾರ್ನೆಗಿಯವರ ಪುಸ್ತಕ. ಗೆಳೆಯರನ್ನು ಗೆಲ್ಲುವುದು ಹೇಗೆ, ಜನರ ಮೇಲೆ ಪ್ರಭಾವ ಬೀರುವುದು ಹೇಗೆ ಎಂಬರ್ಥದ ಹೆಸರಿನ ಆ ಪುಸ್ತಕ ಜಗತ್ತಿನಲ್ಲಿ ಕೋಟಿಗಟ್ಟಲೆ ಪ್ರತಿ ಹೋಗಿದೆ. ಬಸ್ ಸ್ಟ್ಯಾಂಡಿನ ಫುಟ್‌ಪಾತಿನಲ್ಲಿ ನಾವು ಅದನ್ನು ಕೊಂಡ ದಿನ ಅದರ ಪಕ್ಕದಲ್ಲೇ ಇನ್ನೊಂದು ತೆಳ್ಳನೆಯ ಪುಸ್ತಕ ಇತ್ತು. ಬಾಬಾಸಾಹೇಬ ಅಂಬೇಡ್ಕರರ 'ಜಾತಿ ವಿನಾಶ'. ಎರಡನ್ನೂ ಕೊಂಡೆವು. ರೂಮಿಗೆ ಬಂದು ಮೊದಲ ಪುಟ ತಿರುವಿದಾಗ ತಿಳಿಯಿತು, ಎರಡೂ ಮೊದಲು ಅಚ್ಚಾದದ್ದು 1936ರಲ್ಲಿ.

ಇನ್ನೂ ಒಂದು ಸಂಗತಿ ಇದೆ. 1912ರಲ್ಲಿ ಕಾರ್ನೆಗಿ ನ್ಯೂಯಾರ್ಕಿನ ವೈ.ಎಂ.ಸಿ.ಎ.ಯಲ್ಲಿ ಭಾಷಣ ಮಾಡುವುದನ್ನು ಕಲಿಸಲು ಶುರು ಮಾಡಿದರು. ಮರುವರ್ಷ, 1913ರಲ್ಲಿ, ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಂಬೇಡ್ಕರ್ ಅದೇ ನಗರದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು. 1916ರಲ್ಲಿ ಅಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಇಬ್ಬರೂ ಬಡತನದಿಂದ ಬಂದವರು. ಇಬ್ಬರೂ ಮಾತಿನ ಶಕ್ತಿಯನ್ನು ನಂಬಿದವರು. ಒಬ್ಬರು ಮಿಸ್ಸೌರಿಯ ಬಡ ರೈತನ ಮಗ, ಇನ್ನೊಬ್ಬರು ಮಹಾರ್ ಜಾತಿಯ ಸೈನಿಕನ ಮಗ. ಆ ಒಂದು ವ್ಯತ್ಯಾಸದಿಂದ ಎರಡು ಪುಸ್ತಕಗಳೂ ಎರಡು ದಿಕ್ಕಿಗೆ ಹೋದವು.

ಕಾರ್ನೆಗಿಯವರು ಹೇಳುವುದು ಸರಳ. ಜನ ನಿಮ್ಮನ್ನು ಮೆಚ್ಚಬೇಕಾದರೆ ನಗುತ್ತಿರಿ. ಇನ್ನೊಬ್ಬರ ವಿಷಯದಲ್ಲಿ ಆಸಕ್ತಿ ತೋರಿ. ಅವರ ಹೆಸರು ನೆನಪಿಡಿ. ಅವರ ಮಾತನ್ನು ಕಿವಿಗೊಟ್ಟು ಕೇಳಿ. ಅವರಿಗೆ ಇಷ್ಟವಾದದ್ದನ್ನೇ ಮಾತಾಡಿ. ತಾವು ದೊಡ್ಡವರು ಅನ್ನುವ ಭಾವನೆ ಅವರಿಗೆ ಬರುವ ಹಾಗೆ ನಡೆದುಕೊಳ್ಳಿ. ಯಾರನ್ನೂ ಟೀಕೆ ಮಾಡಬೇಡಿ, ವಾದಕ್ಕೆ ಇಳಿಯಬೇಡಿ.

ಓದುತ್ತ ಓದುತ್ತ ನಮಗೆ ನಗು ಬಂತು. ಇವನ್ನೆಲ್ಲ ನಮ್ಮ ತಾತ ಮಾಡುತ್ತಿದ್ದ! ಗೌಡರ ಜಗಲಿಯ ಕೆಳಗೆ ನಿಂತು ನಗುತ್ತಿದ್ದ. ಗೌಡರ ಎತ್ತಿನ ಬಗ್ಗೆ, ಗೌಡರ ಮಗಳ ಮದುವೆಯ ಬಗ್ಗೆ ಗೌಡರಿಗಿಂತ ಹೆಚ್ಚು ಆಸಕ್ತಿ ತೋರುತ್ತಿದ್ದ. ಅವರ ಮಾತನ್ನು ಕೈಕಟ್ಟಿ ಕೇಳುತ್ತಿದ್ದ. ಮಾತಿಗೊಂದು ಸಲ 'ಬುದ್ದಿ' ಅಂತ ಸೇರಿಸಿ ಅವರನ್ನು ದೊಡ್ಡವರನ್ನಾಗಿ ಮಾಡುತ್ತಿದ್ದ. ಟೀಕೆ ಅನ್ನುವುದು ಆತನ ಬಾಯಿಂದ ಒಂದು ದಿನ ಬರಲಿಲ್ಲ. ಕಾರ್ನೆಗಿಯವರ ಅಷ್ಟೂ ಸೂತ್ರಗಳನ್ನು ಕೇರಿಗಳು ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿವೆ. ಯಾವ ಗೆಳೆಯನನ್ನು ಗೆದ್ದೆವು? ಯಾರ ಮೇಲೆ ಪ್ರಭಾವ ಬೀರಿದೆವು? ತಾತನಿಗೆ ಸಿಕ್ಕಿದ್ದು ಹಟ್ಟಿಯ ಮೂಲೆಯಲ್ಲಿ ಬೇರೆ ಇಟ್ಟಿದ್ದ ಒಂದು ಲೋಟ.

ಈ ಪುಸ್ತಕದ ನಿಜವಾದ ದೋಷ ಇಲ್ಲಿದೆ. ಮಾತಾಡುವ ಇಬ್ಬರೂ ಒಂದೇ ನೆಲದ ಮೇಲೆ ನಿಂತಿದ್ದಾರೆ ಅಂತ ಅದು ಮೊದಲೇ ಒಪ್ಪಿಕೊಂಡು ಶುರುವಾಗುತ್ತದೆ. ಗಿರಾಕಿ ಮತ್ತು ಮಾರುವವನು, ಮ್ಯಾನೇಜರು ಮತ್ತು ಗುಮಾಸ್ತ, ಇಂಥವರ ನಡುವಿನ ಕಸಿವಿಸಿಗೆ ಅದರಲ್ಲಿ ಔಷಧಿ ಇದೆ. ಒಬ್ಬ ಜಗಲಿಯ ಮೇಲೆ, ಒಬ್ಬ ಜಗಲಿಯ ಕೆಳಗೆ ಇದ್ದರೆ? ಮನುಷ್ಯನಿಗೆ ತನ್ನ ಹೆಸರಿಗಿಂತ ಇಂಪಾದದ್ದು ಇಲ್ಲ ಅನ್ನುವ ಅರ್ಥದ ಮಾತನ್ನು ಕಾರ್ನೆಗಿ ಬರೆಯುತ್ತಿದ್ದಾಗ ಅವರದೇ ದೇಶದ ದಕ್ಷಿಣ ರಾಜ್ಯಗಳಲ್ಲಿ ತಲೆ ನೆರೆತ ಕಪ್ಪು ಮನುಷ್ಯನನ್ನೂ ಬಿಳಿಯರು 'ಬಾಯ್' ಅಂತ, ಹುಡುಗ ಅಂತ ಕರೆಯುತ್ತಿದ್ದರು. ಆತನ ಹೆಸರನ್ನು ನೆನಪಿಡುವ ಅಗತ್ಯ ಯಾರಿಗೂ ಇರಲಿಲ್ಲ. ಕೆಳಗಿನವನ ನಗು, ವಿನಯ ಎಲ್ಲವೂ ಮೇಲಿನವನಿಗೆ ಸಲ್ಲಬೇಕಾದ ಕಂದಾಯ ಆಗಿಬಿಟ್ಟಿರುವ ಕಡೆ ಅದನ್ನು ಇನ್ನಷ್ಟು ಚೆನ್ನಾಗಿ ಕಟ್ಟು ಅಂತ ಕಲಿಸುವುದು ವಿಕಸನ ಹೇಗಾದೀತು?

ಒಳ್ಳೆಯ ಬಟ್ಟೆ, ಒಳ್ಳೆಯ ನಡತೆ ಇದ್ದರೆ ಗೌರವ ತಾನಾಗಿ ಬರುತ್ತದೆ ಅನ್ನುವವರು ಅಂಬೇಡ್ಕರರ ಆತ್ಮಕಥನದ ತುಣುಕುಗಳಲ್ಲಿ ಮಸೂರು ಸ್ಟೇಷನ್ನಿನ ಪ್ರಸಂಗ ಓದಬೇಕು. ವರ್ಷ 1901. ಒಂಬತ್ತರ ಹುಡುಗ ಭೀಮರಾವ್ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಪ್ಪನನ್ನು ನೋಡಲು ರೈಲು ಹತ್ತಿದ್ದ. ಮಕ್ಕಳು ಹೊಸ ಅಂಗಿ, ಜರಿ ಟೋಪಿ, ರೇಷ್ಮೆ ಅಂಚಿನ ಧೋತರ ತೊಟ್ಟಿದ್ದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರು ಬಂದು ಅಕ್ಕರೆಯಿಂದ ವಿಚಾರಿಸಿದರು. ಮಕ್ಕಳ ವೇಷ ನೋಡಿ ಬ್ರಾಹ್ಮಣರ ಮಕ್ಕಳು ಅಂದುಕೊಂಡಿದ್ದರು. ನಾವು ಮಹಾರರು ಅಂತ ಹುಡುಗ ಸತ್ಯ ಹೇಳಿದ. ಮಾಸ್ತರ ಮುಖ ಕೂಡಲೇ ಬದಲಾಯಿತು, ತಿರುಗಿ ಹೊರಟುಹೋದರು. ಆಮೇಲೆ ಗಾಡಿಯವರು ಯಾರೂ ಬರಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅನ್ನುವ ಷರತ್ತಿನ ಮೇಲೆ. ಆ ಮಕ್ಕಳ ನಡತೆಯಲ್ಲಿ ಯಾವ ಕೊರತೆ ಇತ್ತು?

ಬಹಳ ವರ್ಷ ಕಳೆದು ಇದೇ ನಾಟಕ ನಮ್ಮ ಕಣ್ಣೆದುರಿಗೂ ನಡೆಯಿತು. ಅಪ್ಪನ ಪಿಂಚಣಿ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆವು. ಇಸ್ತ್ರಿ ಅಂಗಿ ಹಾಕಿದ್ದ ನಮ್ಮನ್ನು ನೋಡಿ ಗುಮಾಸ್ತರು 'ಏನಾಗಬೇಕಿತ್ತು ಸಾರ್, ಕೂತ್ಕೊಳಿ' ಅಂದರು. ಹಿಂದಿನಿಂದ ಅಪ್ಪ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಕೈಕಟ್ಟಿ ಬಂದು 'ನನ್ನ ಮಗ ಬುದ್ದಿ' ಅಂದ. ಆ ಕ್ಷಣದಿಂದ 'ಸಾರ್' ಹೋಯಿತು, 'ನೀವು' ಹೋಯಿತು. 'ನಿಮ್ಮಪ್ಪನಿಗೆ ಹೇಳೋ, ಇನ್ನೊಂದ್ ಜೆರಾಕ್ಸ್ ತರಕ್ಕೆ.' ಆ ಗುಮಾಸ್ತರಿಗೆ ನಮ್ಮಷ್ಟೇ ವಯಸ್ಸು. ನಾವೇನು ಮಾಡಿದೆವು? ನಕ್ಕೆವು. ವಾದಕ್ಕೆ ಇಳಿಯಬೇಡ ಅಂತ ಪುಸ್ತಕ ಹೇಳಿಕೊಟ್ಟಿತ್ತಲ್ಲ. ನಕ್ಕು, ಜೆರಾಕ್ಸ್ ತಂದುಕೊಟ್ಟು, ಥ್ಯಾಂಕ್ಸ್ ಹೇಳಿ ಬಂದೆವು. ಅಪ್ಪನ ಕೈಕಟ್ಟುವಿಕೆಗೂ ನಮ್ಮ ಆ ನಗುವಿಗೂ ಏನು ವ್ಯತ್ಯಾಸ ಅಂತ ರಾತ್ರಿ ಮಲಗಿದಾಗ ಕೇಳಿಕೊಂಡೆವು. ಡಿಗ್ರಿ ಒಂದೇ ವ್ಯತ್ಯಾಸ.

ಈಗ ಎರಡನೆಯ ಪುಸ್ತಕಕ್ಕೆ ಬರೋಣ. 'ಜಾತಿ ವಿನಾಶ' ಹುಟ್ಟಿದ್ದೇ ಒಂದು 'ಅವಿನಯ'ದಿಂದ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅಂಬೇಡ್ಕರರನ್ನು ತಮ್ಮ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಕರೆದಿದ್ದರು. ಭಾಷಣದ ಪ್ರತಿ ಓದಿದ ಮೇಲೆ ಕೆಲವು ಮಾತುಗಳನ್ನು ತೆಗೆಯಿರಿ ಅಂತ ಕೇಳಿಕೊಂಡರು. ಕರೆದವರ ಮನೆಯಲ್ಲಿ ಅವರಿಗೆ ನೋವಾಗದಂತೆ ಮಾತಾಡುವುದು ಶಿಷ್ಟಾಚಾರ. ಕಾರ್ನೆಗಿಯವರನ್ನು ಕೇಳಿದ್ದರೆ ಎರಡು ಪುಟ ತೆಗೆದು ಗೆಳೆಯರನ್ನು ಉಳಿಸಿಕೊಳ್ಳಿ ಅನ್ನುತ್ತಿದ್ದರೇನೋ. ಅಂಬೇಡ್ಕರ್ ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂತ ಬರೆದರು. ಸಮ್ಮೇಳನ ನಿಂತುಹೋಯಿತು. ಅವರು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಖಾಲಿಯಾಯಿತು. ಆ ಪತ್ರವ್ಯವಹಾರವೂ ಪುಸ್ತಕದ ಜೊತೆಗೇ ಅಚ್ಚಾಗಿದೆ, ಓದಿ ನೋಡಿ. ಒಂದು ಬೈಗುಳ ಇಲ್ಲ. ಸಂಬೋಧನೆ ಸರಿಯಾಗಿದೆ, ತರ್ಕ ಸರಿಯಾಗಿದೆ, ತಾಳ್ಮೆ ಇದೆ, ಬಗ್ಗುವುದು ಮಾತ್ರ ಇಲ್ಲ. ಸ್ವಾಭಿಮಾನ ಇರುವವನ ಸಭ್ಯತೆ ಹೇಗಿರುತ್ತದೆ ಅಂತ ಕಲಿಯಬೇಕಾದವರಿಗೆ ಆ ಪತ್ರಗಳಿಗಿಂತ ಒಳ್ಳೆಯ ಪಠ್ಯ ನಮಗೆ ಕಂಡಿಲ್ಲ.

ಅದೇ ಪುಸ್ತಕದಲ್ಲಿ ಅವರು ಪ್ರಜಾಪ್ರಭುತ್ವ ಅಂದರೆ ಬರೀ ಸರ್ಕಾರದ ಒಂದು ರೂಪವಲ್ಲ, ಅದು ಮೂಲದಲ್ಲಿ ಜೊತೆಯ ಮನುಷ್ಯರ ಬಗ್ಗೆ ಇರುವ ಗೌರವದ ಮನೋಭಾವ ಅನ್ನುತ್ತಾರೆ. ಗೌರವ ಅನ್ನುವ ಮಾತು ಎರಡೂ ಪುಸ್ತಕದಲ್ಲಿದೆ. ಕಾರ್ನೆಗಿಯವರಲ್ಲಿ ಅದರಿಂದ ಕೆಲಸ ಆಗುತ್ತದೆ. ಅಂಬೇಡ್ಕರರಲ್ಲಿ ಅದು ಇಲ್ಲದಿದ್ದರೆ ಸಮಾಜವೇ ಇಲ್ಲ.

ಹಾಗಂತ ಬಟ್ಟೆ, ಮಾತು, ನಡತೆ ಇವೆಲ್ಲ ಬೂರ್ಜ್ವಾ ಸೋಗು ಅಂತ ತಳ್ಳಿಹಾಕುವ ನಮ್ಮ ಕೆಲವು ಗೆಳೆಯರ ಮಾತನ್ನೂ ಒಪ್ಪಲಾರೆವು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟ ಸಮ್ಮೇಳನದಲ್ಲೇ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಸೀರೆ ಉಡುವ ಬಗ್ಗೆ, ಚೊಕ್ಕಟವಾಗಿರುವ ಬಗ್ಗೆ ಹೇಳಿದರು. ಕೀಳು ಜಾತಿಯ ಗುರುತಾಗಿದ್ದ ಒಡವೆಗಳನ್ನು ಬಿಡಿ, ಮೇಲ್ಜಾತಿಯ ಹೆಂಗಸರ ಹಾಗೆ ಸೀರೆ ಉಡಿ ಅಂದರು. ಅವರು ಸೂಟು ತೊಟ್ಟದ್ದೂ ಇದೇ ಅರ್ಥದಲ್ಲಿ ಅಂತ ನಾವು ತಿಳಿಯುತ್ತೇವೆ. ಟೈ ಕಟ್ಟಿದ ತರಬೇತಿಯವರೂ ಬಟ್ಟೆಯ ಬಗ್ಗೆಯೇ ಹೇಳುತ್ತಾರೆ. ಆದರೆ ಅಲ್ಲಿ ಬಟ್ಟೆ ಇನ್ನೊಬ್ಬನ ಕಣ್ಣಿಗೆ ಹಿತವಾಗಲು. ಮಹಾಡಿನಲ್ಲಿ ಬಟ್ಟೆ ಇನ್ನೊಬ್ಬ ಒತ್ತಿದ ಮುದ್ರೆಯನ್ನು ಮೈಮೇಲಿಂದ ಕಿತ್ತು ಎಸೆಯಲು. 1925ರಲ್ಲಿ ಪೆರಿಯಾರರು ಶುರು ಮಾಡಿದ ಚಳವಳಿಗೆ ತಮಿಳಿನಲ್ಲಿ 'ಸುಯಮರಿಯಾದೈ' ಅಂತ ಹೆಸರು, ಅಂದರೆ ಸ್ವಯಂ ಮರ್ಯಾದೆ. ಗಡಿ ಹಾಕುವ ಆ ಪದವನ್ನೇ ಕಿತ್ತುಕೊಂಡು ತಿರುಗಿಸಿಬಿಟ್ಟರು. ನನ್ನ ಎಲ್ಲೆಯನ್ನು ನಾನೇ ಗೊತ್ತು ಮಾಡುತ್ತೇನೆ ಅಂತ.

ನಮ್ಮ ಸಾಹಿತ್ಯದಲ್ಲೂ ಇದಕ್ಕೆ ಸಾಕ್ಷಿ ಇದೆ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವ ಕಳೆದುಹೋದ ತನ್ನ ಹುಂಜ ಹುಡುಕುತ್ತ ಕಂಡವರನ್ನೆಲ್ಲ ಬಯ್ಯುತ್ತಾಳೆ. ಕಾರ್ನೆಗಿಯವರ ಪರೀಕ್ಷೆಯಲ್ಲಿ ಆಕೆಗೆ ಸೊನ್ನೆ. ಆದರೆ ಆ ಮುದುಕಿಯ ಬೈಗುಳದಲ್ಲಿರುವ ತನ್ನತನ ನಮ್ಮ ಶಿಷ್ಟ ಸಾಹಿತ್ಯದ ಎಷ್ಟು ವಿನಯವಂತ ಪಾತ್ರಗಳಲ್ಲಿದೆ? ಇನ್ನೊಂದು ಕಡೆ, ಸಂಬೋಧನೆಯ ಬಗ್ಗೆ ಬಸವಣ್ಣನವರು ಹೇಳಿದ ವಚನವನ್ನು ನಮಗೆ ಬಾಯಿಪಾಠ ಮಾಡಿಸಿದ ಮೇಷ್ಟ್ರೇ ಕೇರಿಯ ಹುಡುಗರನ್ನು ಮಾತ್ರ 'ಲೇ' ಅಂತ ಕರೆಯುತ್ತಿದ್ದರು. ವಚನ ಪರೀಕ್ಷೆಗೆ, 'ಲೇ' ಬದುಕಿಗೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ಬೆರಳು ತಿರುಗಿಸಬೇಕು. ಇಲ್ಲದಿದ್ದರೆ ಇದು ವಿಮರ್ಶೆ ಆಗುವುದಿಲ್ಲ, ಬರೀ ದೂರು ಆಗುತ್ತದೆ. ವೇದಿಕೆಯ ಮೇಲೆ ಸಮಾನತೆಯ ಪದ್ಯ ಓದಿ ಇಳಿದು ಬಂದ ನಾವು ಹೋಟೆಲಿನಲ್ಲಿ ಟೇಬಲ್ ಒರೆಸುವವರನ್ನು 'ಏಯ್ ಬಾರೋ ಇಲ್ಲಿ' ಅಂದದ್ದಿಲ್ಲವೇ? ಬೀದಿ ಗುಡಿಸುವ ತಾಯಿಯನ್ನು ಏಕವಚನದಲ್ಲಿ ಕರೆದದ್ದಿಲ್ಲವೇ? ಮನೆಗೆ ಹೋಗಿ ಅವ್ವನ ಮೇಲೆ, ಹೆಂಡತಿಯ ಮೇಲೆ ಗೌಡರ ದನಿಯಲ್ಲೇ ಕೂಗಾಡಿದ್ದಿಲ್ಲವೇ? ಹಳ್ಳಿಯ ಸಲಿಗೆಯ ಏಕವಚನ ಬೇರೆ. ಅವ್ವ ನಮ್ಮನ್ನು 'ಬಾರ್ಲಾ ಮಗಾ' ಅಂದರೆ ಅದರಲ್ಲಿ ಜೀವ ಇದೆ. ನಾವು ಹೇಳುತ್ತಿರುವುದು ಮೇಲಿನಿಂದ ಕೆಳಕ್ಕೆ ಉದುರುವ ಏಕವಚನದ ಬಗ್ಗೆ. ಒಬ್ಬ ಮನುಷ್ಯ ಬೆಳೆದಿದ್ದಾನೋ ಇಲ್ಲವೋ ಅಂತ ನೋಡಬೇಕಾದರೆ ತನಗಿಂತ ಮೇಲಿನವನ ಮುಂದೆ ಅವನ ಬೆನ್ನು ನೋಡಿ, ತನಗಿಂತ ಕೆಳಗಿರುವವನ ಮುಂದೆ ಅವನ ನಾಲಿಗೆ ನೋಡಿ. ಎರಡರಲ್ಲಿ ಒಂದೇ ಸರಿಯಿದ್ದರೆ ಸಾಲದು. ಬೆನ್ನು ಮಾತ್ರ ನೆಟ್ಟಗಾದವನು ಇನ್ನೊಬ್ಬ ಗೌಡನಾಗುತ್ತಾನೆ. ನಾಲಿಗೆ ಮಾತ್ರ ಮೆತ್ತಗಾದವನು ಹಳೆಯ ಆಳಾಗಿಯೇ ಉಳಿಯುತ್ತಾನೆ.

ಕಾರ್ನೆಗಿಯವರ ಪುಸ್ತಕವನ್ನು ಸುಡಿ ಅಂತ ನಾವು ಹೇಳುವುದಿಲ್ಲ. ಮೈಕಿನ ಮುಂದೆ ನಿಂತರೆ ಕಾಲು ನಡುಗುತ್ತಿದ್ದವರಿಗೆ ಮಾತಾಡುವ ಧೈರ್ಯ ಕೊಟ್ಟ ಮೇಷ್ಟ್ರು ಅವರು. ಆ ನಡುಕ ನಮಗೂ ಗೊತ್ತು. ಇನ್ನೊಬ್ಬರ ಮಾತನ್ನು ಪೂರ್ತಿ ಕೇಳು ಅನ್ನುವುದನ್ನು ನಮ್ಮ ಸಂಘಟನೆಗಳ ಸಭೆಗಳಲ್ಲಿ ಮೊದಲು ಜಾರಿಗೆ ತರಬೇಕು. ಓದಿ. ಆದರೆ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಟ್ಟುಕೊಂಡು ಓದಿ.

ಆ ಕಚೇರಿಗೆ ಮೂರು ತಿಂಗಳ ಮೇಲೆ ಮತ್ತೆ ಹೋಗಬೇಕಾಯಿತು. ಈ ಸಲ ಚಪ್ಪಲಿ ಹಾಕಿಕೊಂಡೇ ಬಾ ಅಂತ ಅಪ್ಪನಿಗೆ ಹೇಳಿದೆವು. ಒಳಗೆ ಎಲ್ಲರ ಕಾಲಲ್ಲೂ ಇತ್ತಲ್ಲ. ಗುಮಾಸ್ತರು 'ಏನಯ್ಯಾ, ಮತ್ತೆ ಬಂದ್ಯಾ' ಅಂದರು. ದನಿ ಏರಿಸದೆ, ನಗದೆ, 'ನಮ್ಮಪ್ಪನಿಗೆ ಅರವತ್ತೆಂಟು ವರ್ಷ ಸಾರ್. ಬಹುವಚನದಲ್ಲಿ ಮಾತಾಡಿ' ಅಂದೆವು. ಅವರು ನಮ್ಮ ಮುಖ ನೋಡಿದರು. ಅಕ್ಕಪಕ್ಕದ ಮೇಜಿನವರು ಫೈಲಿನಿಂದ ತಲೆ ಎತ್ತಿದರು. ಸ್ವಲ್ಪ ಹೊತ್ತಾದ ಮೇಲೆ ಇಂಕಿನ ಪ್ಯಾಡು ಮುಂದಕ್ಕೆ ತಳ್ಳಿ 'ಹೆಬ್ಬೆಟ್ಟು ಒತ್ತಿ' ಅಂದರು. ಒತ್ತು ಅನ್ನಲಿಲ್ಲ, ಒತ್ತಿ ಅಂದರು.

ಬಸ್ಸಿನಲ್ಲಿ ಅಪ್ಪ 'ಅವರ ಕೂಡೆ ಯಾಕಪ್ಪಾ ಬೇಕಿತ್ತು, ನಾಳೆ ಕೆಲ್ಸ ತಡ ಮಾಡ್ತಾರೆ' ಅಂತ ಬೇಜಾರು ಮಾಡಿಕೊಂಡ. ತಡವೂ ಆಯಿತು. ಇನ್ನೂ ಎರಡು ಸಲ ಓಡಾಡಿದೆವು. ಎರಡು ಸಲವೂ ಅಪ್ಪ ಚಪ್ಪಲಿ ಬಿಡಲಿಲ್ಲ.