ಎಲ್ಲದಕ್ಕೂ ಯೀಸ್ಟೇ ಕಾರಣವೇ?

ಬೆಳಿಗ್ಗೆ ಎದ್ದೊಡನೆ, ಬಾಯಿ ಮುಕ್ಕಳಿಸುವ ಮೊದಲೇ, ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಅದಕ್ಕೆ ಉಗುಳಬೇಕಂತೆ. ಸ್ವಲ್ಪ ಹೊತ್ತು ಕಾಯಬೇಕು. ಉಗುಳು ಮೇಲೆಯೇ ತೇಲುತ್ತಿದ್ದರೆ ನೀವು ಆರೋಗ್ಯವಂತರು. ಅದರಿಂದ ಎಳೆಗಳು ಕೆಳಗಿಳಿದರೆ, ಇಲ್ಲವೇ ನೀರು ಮಬ್ಬಾದರೆ, ನಿಮ್ಮ ದೇಹದಲ್ಲಿ ಯೀಸ್ಟ್ ಮಿತಿಮೀರಿ ಬೆಳೆದಿದೆ! ಈ 'ಪರೀಕ್ಷೆ'ಯ ಬಗ್ಗೆ ವಿದ್ಯಾರ್ಥಿಗಳು ಕೇಳಿದರೆ ಗದರಿಸಬೇಡಿ, ಮಾಡಿಸಿಯೇ ನೋಡಿ. ಒಬ್ಬರದೇ ಉಗುಳನ್ನು ತಣ್ಣೀರು, ಬೆಚ್ಚನೆಯ ನೀರು, ಉಪ್ಪುನೀರು ಮೂರಕ್ಕೂ ಹಾಕಿಸಿ, ಫಲಿತಾಂಶ ಬರೆದುಕೊಳ್ಳಲು ಹೇಳಿ. ಉಗುಳಿನಲ್ಲಿ ಮ್ಯೂಸಿನ್ ಎಂಬ ಅಂಟಾದ ಪ್ರೋಟೀನು ಇದೆ. ಎಳೆಯಾಗಿ ಇಳಿಯುವುದು ಅದು. ಎಷ್ಟು ಗಾಳಿಗುಳ್ಳೆಗಳು ಸಿಕ್ಕಿಕೊಂಡಿವೆ, ನೀರಿನ ಸಾಂದ್ರತೆ ಎಷ್ಟು ಎಂಬುದನ್ನು ಅವಲಂಬಿಸಿ ಉಗುಳು ತೇಲುತ್ತದೆ ಅಥವಾ ಮುಳುಗುತ್ತದೆ. ಯೀಸ್ಟ್ ಕೋಶದ ಅಗಲ ಸುಮಾರು 4ರಿಂದ 6 ಮೈಕ್ರೊಮೀಟರ್. ಅದು ಲೋಟದಲ್ಲಿ ಬರಿಗಣ್ಣಿಗೆ ಕಾಣುವ ವಸ್ತುವಲ್ಲ.

ಈ ಉಗುಳಿನ ಪರೀಕ್ಷೆ ಆಮೇಲೆ ಚಿಗುರಿದ ಕೊಂಬೆ. ಮರದ ಬುಡ ಇರುವುದು ಅಮೆರಿಕದಲ್ಲಿ. ಅಲಬಾಮ ರಾಜ್ಯದ ವೈದ್ಯ ಸಿ. ಓರಿಯನ್ ಟ್ರಸ್ 1978ರಲ್ಲಿ ಮಂಡಿಸಿದ ಒಂದು ಊಹೆಯನ್ನು ಟೆನೆಸಿ ರಾಜ್ಯದ ಮಕ್ಕಳ ವೈದ್ಯ ವಿಲಿಯಂ ಕ್ರುಕ್ ಎತ್ತಿಕೊಂಡು, 1983ರಲ್ಲಿ 'ದಿ ಯೀಸ್ಟ್ ಕನೆಕ್ಷನ್' ಎಂಬ ಪುಸ್ತಕ ಬರೆದರು. ಅದರ ವಾದ ಇಷ್ಟು: ಪ್ರತಿಜೈವಿಕಗಳು, ಗರ್ಭನಿರೋಧಕ ಗುಳಿಗೆಗಳು, ಸಕ್ಕರೆ ತುಂಬಿದ ಆಹಾರ ಇವುಗಳಿಂದ ಕರುಳಿನಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್ ಹೆಚ್ಚುತ್ತದೆ, ಅದರ ವಿಷವಸ್ತುಗಳು ದೇಹವಿಡೀ ಹರಡಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ, ಆಯಾಸ, ತಲೆನೋವು, ಖಿನ್ನತೆ, ಕೀಲುನೋವು, ಮರೆವು, ಚರ್ಮದ ತೊಂದರೆ ಎಲ್ಲವೂ ಇದರಿಂದ ಬರಬಹುದು. ಪರಿಹಾರವಾಗಿ ಸಕ್ಕರೆ ಮತ್ತು ಯೀಸ್ಟ್ ಇಲ್ಲದ ಆಹಾರ, ಜೊತೆಗೆ ಯೀಸ್ಟನ್ನು ಕೊಲ್ಲುವ ಮದ್ದು. ಇಂದು 'ಕ್ಯಾಂಡಿಡಾ ಶುದ್ಧೀಕರಣ' ಎಂಬ ಹೆಸರಿನಲ್ಲಿ ಮಾರಾಟವಾಗುವ ಬಹುತೇಕ ಸಾಮಗ್ರಿಯ ಹಿಂದೆ ಇರುವುದು ಇದೇ ವಾದ. ಆದ್ದರಿಂದ ವಿಮರ್ಶೆಗೆ ಈ ಪುಸ್ತಕವನ್ನೇ ಎತ್ತಿಕೊಳ್ಳುವುದು ನ್ಯಾಯ.

ಪುಸ್ತಕದಲ್ಲಿ ಒಳ್ಳೆಯದೂ ಇದೆ. ಪ್ರತಿಜೈವಿಕಗಳನ್ನು ಬೇಕಾಬಿಟ್ಟಿ ನುಂಗಬಾರದು ಎಂಬ ಎಚ್ಚರಿಕೆ ಅಂದಿಗೂ ಸರಿ, ಇಂದಿಗೂ ಸರಿ. ಅವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ, ಶಿಲೀಂಧ್ರವನ್ನಲ್ಲ. ಪೈಪೋಟಿಗಿದ್ದ ಬ್ಯಾಕ್ಟೀರಿಯಾಗಳು ಕಡಿಮೆಯಾದಾಗ ಯೀಸ್ಟಿಗೆ ಜಾಗ ಸಿಗುತ್ತದೆ. ಇಲ್ಲಿಯವರೆಗೆ ಜೀವಶಾಸ್ತ್ರ. ತೊಡಕು ಆರಂಭವಾಗುವುದು ಪುಸ್ತಕದ ಪ್ರಶ್ನಾವಳಿಯಲ್ಲಿ.

ಪ್ರತಿ ಪ್ರಶ್ನೆಗೂ ಅಂಕಗಳಿವೆ. ಸಿಹಿ ತಿನ್ನುವ ಹಂಬಲವಿದೆಯೇ? ಹೊಗೆಸೊಪ್ಪಿನ ಹೊಗೆ ನಿಮಗೆ ಕಿರಿಕಿರಿಯೇ? ತೇವದ ದಿನಗಳಲ್ಲಿ ತೊಂದರೆ ಹೆಚ್ಚುತ್ತದೆಯೇ? (ಜುಲೈ ತಿಂಗಳಿನಲ್ಲಿ ಆಗುಂಬೆಯಲ್ಲಿ ಈ ಪ್ರಶ್ನೆ ಕೇಳಿದರೆ 'ಇಲ್ಲ' ಎನ್ನುವವರು ಸಿಗುವುದು ಕಷ್ಟ.) ಆಯಾಸವೇ? ನೆನಪು ಕೈಕೊಡುತ್ತದೆಯೇ? ಹೆಂಗಸರಿಗೆ 180ಕ್ಕಿಂತ, ಗಂಡಸರಿಗೆ 140ಕ್ಕಿಂತ ಹೆಚ್ಚು ಅಂಕ ಬಂದರೆ ಯೀಸ್ಟಿನ ತೊಂದರೆ ಇರುವುದು ಬಹುತೇಕ ಖಚಿತ ಎಂದು ತೀರ್ಪು. ಯೀಸ್ಟ್ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಮಾತೇ ಈ ಲೆಕ್ಕದಲ್ಲಿಲ್ಲ. ಇನ್ನು ಮಲಪರೀಕ್ಷೆಯಲ್ಲಿ ಕ್ಯಾಂಡಿಡಾ ಕಂಡರೂ ಅದೊಂದು ಪುರಾವೆಯಲ್ಲ. ಆರೋಗ್ಯವಂತರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಬಾಯಿ ಅಥವಾ ಕರುಳಿನಲ್ಲಿ ಅದು ಸದ್ದಿಲ್ಲದೆ ಬಾಳುತ್ತಿರುತ್ತದೆ. ಅಂದಹಾಗೆ, ಲ್ಯಾಟಿನ್‌ನಲ್ಲಿ ಕ್ಯಾಂಡಿಡಾ ಎಂದರೂ ಬಿಳುಪು, ಆಲ್ಬಿಕನ್ಸ್ ಎಂದರೂ ಬಿಳುಪು. ಹೆಸರಿಟ್ಟವರಿಗೆ ಬಿಳಿಯ ಮೇಲೆ ಎಷ್ಟು ಪ್ರೀತಿಯೋ!

ಇದಕ್ಕಿಂತ ಗಂಭೀರ ದೋಷ ಇನ್ನೊಂದಿದೆ. ಚಿಕಿತ್ಸೆ ಆರಂಭಿಸಿದ ಮೇಲೆ ಗುಣ ಕಂಡರೆ ಯೀಸ್ಟ್ ಸತ್ತಿತು ಎನ್ನುತ್ತಾರೆ. ತೊಂದರೆ ಹೆಚ್ಚಿದರೆ? ಯೀಸ್ಟ್ ಸಾಯುವಾಗ ವಿಷ ಬಿಡುತ್ತಿದೆ, ಮುಂದುವರಿಸಿ ಎನ್ನುತ್ತಾರೆ. ಏನೂ ಆಗದಿದ್ದರೆ ನಿಮ್ಮ ಪಥ್ಯ ಸಾಲದು. ಸಿಫಿಲಿಸ್‌ನಂಥ ರೋಗಗಳಲ್ಲಿ ಬ್ಯಾಕ್ಟೀರಿಯಾಗಳು ಒಮ್ಮೆಲೇ ಸತ್ತಾಗ ಜ್ವರ, ನಡುಕ ಬರುವುದು ನಿಜ. ಅದಕ್ಕೆ ಯಾರಿಷ್-ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ ಎಂದು ಹೆಸರಿದೆ. ಆದರೆ ಅದು ಚಿಕಿತ್ಸೆಯ ಮೊದಲ ದಿನದಲ್ಲೇ ಬಂದು ಹೋಗುತ್ತದೆ, ವಾರಗಟ್ಟಲೆ ಇರುವುದಿಲ್ಲ. ವಿಜ್ಞಾನದ ತರಗತಿಯಲ್ಲಿ ನಾವು ಹೇಳುವ ಮಾತನ್ನು ಇಲ್ಲಿ ನೆನೆಯಿರಿ: ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ತಪ್ಪು ಎಂದು ಒಪ್ಪುತ್ತೀರಿ? ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ.

ಉತ್ತರ ಹುಡುಕಲು ಬೇರೆಯವರು ಹೊರಟರು. 1986ರಲ್ಲಿ ಅಮೆರಿಕದ ಅಲರ್ಜಿ ತಜ್ಞರ ಅಕಾಡೆಮಿ ಈ ವಾದವನ್ನು ರುಜುವಾತಾಗದ ಊಹಾಪೋಹ ಎಂದು ಕರೆಯಿತು. 1990ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಅಲಬಾಮದ ಡಿಸ್ಮ್ಯೂಕ್ಸ್ ಮತ್ತು ಸಂಗಡಿಗರ ಪ್ರಯೋಗ ಪ್ರಕಟವಾಯಿತು. ಈ ರೋಗವಿದೆ ಎಂದು ಭಾವಿಸಲಾದ 42 ಮಹಿಳೆಯರಿಗೆ 32 ವಾರಗಳ ಕಾಲ, ಸರದಿಯಲ್ಲಿ, ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕವನ್ನೂ ಅದರಂತೆಯೇ ಕಾಣುವ ಹುಸಿಮದ್ದನ್ನೂ ಕೊಟ್ಟರು. ಯಾವಾಗ ಯಾವುದು ಎಂಬುದು ಕೊಡುವವರಿಗೂ ತಿಳಿದಿರಲಿಲ್ಲ, ತೆಗೆದುಕೊಳ್ಳುವವರಿಗೂ ತಿಳಿದಿರಲಿಲ್ಲ. ಯೋನಿಯ ತುರಿಕೆ, ಸ್ರಾವಗಳಿಗೆ ನಿಸ್ಟಾಟಿನ್ ಹುಸಿಮದ್ದಿಗಿಂತ ಮೇಲಾಗಿತ್ತು. ಆಯಾಸ, ಖಿನ್ನತೆಯಂಥ ಇಡೀ ದೇಹದ ದೂರುಗಳು ಎರಡರಿಂದಲೂ ಕಡಿಮೆಯಾದವು, ಎರಡಕ್ಕೂ ವ್ಯತ್ಯಾಸವಿರಲಿಲ್ಲ. ಪುಸ್ತಕ ನಂಬಿ ಗುಣವಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ ಎಂಬುದನ್ನೂ ಇದು ತೋರಿಸುತ್ತದೆ. ಗುಣ ಕಂಡದ್ದು ನಿಜ, ಅದರ ಕಾರಣ ಯೀಸ್ಟ್ ಸತ್ತದ್ದಲ್ಲ.

ಪಥ್ಯವನ್ನು ಈ ಪ್ರಯೋಗದಲ್ಲಿ ಸೇರಿಸಿರಲಿಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. 2001ರಲ್ಲಿ ನಾರ್ವೆಯಲ್ಲಿ 116 ಮಂದಿಯ ಮೇಲೆ ನಾಲ್ಕು ವಾರಗಳ ಪ್ರಯೋಗ ನಡೆದು, ನಿಸ್ಟಾಟಿನ್ ಪಡೆದವರಲ್ಲಿ ದೂರುಗಳು ಹೆಚ್ಚು ತಗ್ಗಿದವು, ಪಥ್ಯವೂ ಜೊತೆಗಿದ್ದವರಲ್ಲಿ ಇನ್ನೂ ತಗ್ಗಿದವು ಎಂದು ವರದಿಯಾಯಿತು. ಇದನ್ನು ಬಚ್ಚಿಟ್ಟು ವಿಮರ್ಶೆ ಮಾಡಬಾರದು. ಆದರೆ ಎರಡು ಸಂಗತಿ ಗಮನಿಸಿ. ರೋಗಿಗಳನ್ನು ಆರಿಸಿದ್ದು ಮತ್ತೆ ಪ್ರಶ್ನಾವಳಿಯಿಂದಲೇ. ಮದ್ದನ್ನು ಚೀಟಿ ಎತ್ತಿದಂತೆ ಹಂಚಲಾಗಿತ್ತು, ಪಥ್ಯವನ್ನು ಮಾತ್ರ ಅವರವರೇ ಆರಿಸಿಕೊಂಡಿದ್ದರು. ಮನಸ್ಸು ಮಾಡಿ ಪಥ್ಯ ಹಿಡಿಯುವವರು ಉಳಿದವರಿಗಿಂತ ಬೇರೆ ರೀತಿಯವರಾಗಿರಬಹುದಲ್ಲವೇ?

ಇನ್ನು 'ನೈಸರ್ಗಿಕ' ಮದ್ದುಗಳ ವಿಷಯ. ಬೆಳ್ಳುಳ್ಳಿ ಜಜ್ಜಿದಾಗ ಉಂಟಾಗುವ ಅಲಿಸಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾಂಡಿಡಾವನ್ನು ತಡೆಯುತ್ತದೆ. ನುಂಗಿದ ಮೇಲೆ ಅದು ಉಳಿಯುವುದಿಲ್ಲ, ರಕ್ತದಲ್ಲಿ ಪತ್ತೆಯಾಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 63 ಮಹಿಳೆಯರಿಗೆ ಎರಡು ವಾರ ಬೆಳ್ಳುಳ್ಳಿ ಗುಳಿಗೆ ಅಥವಾ ಹುಸಿಮದ್ದು ಕೊಟ್ಟು ನೋಡಿದಾಗ ಯೋನಿಯ ಕ್ಯಾಂಡಿಡಾ ಎಣಿಕೆಯಲ್ಲಿ ಲಾಭ ಕಾಣಲಿಲ್ಲ. ಹಸಿ ಬೆಳ್ಳುಳ್ಳಿಯನ್ನು ಚರ್ಮಕ್ಕೆ ಕಟ್ಟಿಕೊಂಡು ಸುಟ್ಟಗಾಯ ಮಾಡಿಕೊಂಡವರ ವರದಿಗಳಂತೂ ಹಲವು. ಮೆಲ್ಬರ್ನ್‌ನಲ್ಲೇ 2004ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಪ್ರತಿಜೈವಿಕ ತೆಗೆದುಕೊಳ್ಳುತ್ತಿದ್ದ 235 ಮಹಿಳೆಯರ ಪೈಕಿ 55 ಮಂದಿಗೆ ಯೋನಿಯ ಯೀಸ್ಟ್ ಸೋಂಕು ಬಂತು. ಲ್ಯಾಕ್ಟೊಬ್ಯಾಸಿಲಸ್ ಕೊಟ್ಟದ್ದರಿಂದ ಅದು ತಪ್ಪಲಿಲ್ಲ. ಕೊಬ್ಬರಿ ಎಣ್ಣೆಯ ಸುದ್ದಿ ಕೇಳಿ ನಮ್ಮ ಕರಾವಳಿಯವರಿಗೆ ಸಂತೋಷವಾಗಬಹುದು: 2016ರಲ್ಲಿ ಅಮೆರಿಕದ ಸಂಶೋಧಕರು, ಕೊಬ್ಬರಿ ಎಣ್ಣೆ ತಿಂದ ಇಲಿಗಳ ಕರುಳಿನಲ್ಲಿ ಕ್ಯಾಂಡಿಡಾ ಕಡಿಮೆಯಿತ್ತು ಎಂದು ವರದಿ ಮಾಡಿದರು. ಇದು ಕುತೂಹಲಕರ ಸುಳಿವು. ಸೀಸೆಯ ಮೇಲೆ ಚಿಕಿತ್ಸೆ ಎಂದು ಬರೆಯಲು ಇಷ್ಟು ಸಾಲದು.

ನಿಜವಾಗಿಯೂ ನಿಸರ್ಗದಿಂದ ಬಂದ ಮದ್ದು ಯಾವುದು ಗೊತ್ತೇ? ನಿಸ್ಟಾಟಿನ್! ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು, ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ ಕುಳಿತು, ಮಾದರಿಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತ 1950ರಲ್ಲಿ ಅದನ್ನು ಕಂಡುಹಿಡಿದರು. ವರ್ಜೀನಿಯಾದ ಒಂದು ಹೊಲದ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಹೆಸರು ಬಂದದ್ದು ನ್ಯೂಯಾರ್ಕ್ ಸ್ಟೇಟ್‌ನಿಂದ. ಬಂದ 1.3 ಕೋಟಿ ಡಾಲರಿಗೂ ಹೆಚ್ಚಿನ ಗೌರವಧನವನ್ನು ಅವರು ಸಂಶೋಧನೆಗೇ ಬಿಟ್ಟುಕೊಟ್ಟರು. ನಿಸ್ಟಾಟಿನ್ ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ. ಆದ್ದರಿಂದ ಎಲ್ಲಿ ಹಚ್ಚುತ್ತೇವೋ ಅಲ್ಲಿ ಮಾತ್ರ ಅದರ ಕೆಲಸ.

ಪಥ್ಯದ ತರ್ಕವೂ ವಿಚಿತ್ರ. ಯೀಸ್ಟ್ ಹಾಕಿದ ಬ್ರೆಡ್ ಬೇಡ, ವಿನಿಗರ್ ಬೇಡ, ಅಣಬೆ ಬೇಡ, ಆದರೆ ಮೊಸರು ಆಗಬಹುದು! ಬ್ರೆಡ್ಡಿನ ಯೀಸ್ಟ್ ಸ್ಯಾಕರೊಮೈಸಿಸ್, ಅದರ ಜಾತಿಯೇ ಬೇರೆ, ಒಲೆಯಲ್ಲಿ ಸತ್ತೂ ಹೋಗಿರುತ್ತದೆ. ಇದೇ ತರ್ಕವನ್ನು ನಮ್ಮ ಅಡುಗೆಮನೆಗೆ ತಂದು ಇಡ್ಲಿ ಬಿಡುವವರಿದ್ದರೆ ಅವರಿಗೆ ಹೇಳಿ: ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಬ್ಯಾಕ್ಟೀರಿಯಾ, ಹಬೆಯಲ್ಲಿ ಬೆಂದ ಮೇಲೆ ಅದೂ ಉಳಿಯದು. ಸಕ್ಕರೆ ನಿಲ್ಲಿಸಿ ಯೀಸ್ಟನ್ನು ಉಪವಾಸ ಕೆಡವುವ ಮಾತೂ ಹಾಗೆಯೇ. ನೀವು ಸಕ್ಕರೆ ಬಿಟ್ಟರೂ ಯಕೃತ್ತು ಗ್ಲೂಕೋಸ್ ತಯಾರಿಸುತ್ತಲೇ ಇರುತ್ತದೆ. 1999ರಲ್ಲಿ 28 ಆರೋಗ್ಯವಂತ ಸ್ವಯಂಸೇವಕರಿಗೆ ಹೆಚ್ಚು ಸಕ್ಕರೆ ತಿನ್ನಿಸಿ ನೋಡಿದಾಗ, ಕರುಳಿನ ಕ್ಯಾಂಡಿಡಾ ಮೇಲೆ ಆದ ಪರಿಣಾಮ ಅಲ್ಪ.

ಹಾಗಾದರೆ ಸಕ್ಕರೆಗೂ ಯೀಸ್ಟಿಗೂ ಸಂಬಂಧವೇ ಇಲ್ಲವೇ? ಇದೆ, ಮತ್ತು ನಾನು ಈ ಪುಸ್ತಕದ ಬಗ್ಗೆ ಇಷ್ಟು ಬರೆಯಲು ಕಾರಣವೂ ಅದೇ. ಪ್ರಶ್ನಾವಳಿಯ 180 ಅಂಕವನ್ನು ಮರೆತು ಇನ್ನೊಂದು 180ನ್ನು ನೆನಪಿಡಿ. ರಕ್ತದಲ್ಲಿ ಗ್ಲೂಕೋಸ್ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡಗಳು ಅದನ್ನು ಪೂರ್ತಿ ಹಿಂದಕ್ಕೆ ಹೀರಲಾರವು. ಸಕ್ಕರೆ ಮೂತ್ರಕ್ಕೆ ಬರುತ್ತದೆ, ಜನನಾಂಗದ ಚರ್ಮದ ಮೇಲೆ ಯೀಸ್ಟ್ ಬೆಳೆಯುತ್ತದೆ. ಡಪಾಗ್ಲಿಫ್ಲೊಜಿನ್ ಮುಂತಾದ ಈಚಿನ ಮಧುಮೇಹದ ಗುಳಿಗೆಗಳು ಸಕ್ಕರೆಯನ್ನು ಬೇಕೆಂದೇ ಮೂತ್ರಕ್ಕೆ ಹರಿಸುತ್ತವೆ. ಅವುಗಳ ತಿಳಿದ ಅಡ್ಡಪರಿಣಾಮ ಜನನಾಂಗದ ಯೀಸ್ಟ್ ಸೋಂಕು. ಕಾರಣ ಎಂದರೆ ಹೀಗಿರಬೇಕು: ಅಳೆಯಬಹುದು, ಬದಲಿಸಿ ನೋಡಬಹುದು.

ಯೀಸ್ಟ್ ಹೆಚ್ಚುವುದು ಸಾಮಾನ್ಯವಾಗಿ ಪರಿಣಾಮ. ಪುಸ್ತಕ ಅದನ್ನೇ ಎಲ್ಲದರ ಕಾರಣ ಮಾಡಿತು. ಉಬ್ಬಸಕ್ಕೆ ಸ್ಟೀರಾಯ್ಡ್ ಎಳೆದುಕೊಂಡು ಬಾಯಿ ಮುಕ್ಕಳಿಸದವರ ನಾಲಗೆ ಬೆಳ್ಳಗಾಗುತ್ತದೆ. ಸರಿಯಾಗಿ ಕೂಡದ ಹಲ್ಲಿನ ಸೆಟ್ಟಿನ ಕೆಳಗೆ, ಹಾಲು ಕುಡಿಯುವ ಕೂಸಿನ ಬಾಯಲ್ಲಿ, ಗರ್ಭಿಣಿಯರಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ನಡುವೆ ಕಾಣುತ್ತದೆ. 1981ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನಿಂದ ವರದಿಯಾದ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ಜೊತೆಗೆ ಕ್ಯಾಂಡಿಡಾ ಸೋಂಕೂ ಇತ್ತು. ಏಡ್ಸ್ ಬಗ್ಗೆ ಜಗತ್ತಿಗೆ ಸಿಕ್ಕ ಮೊದಲ ವರದಿ ಅದು. ಅಂದು ಆ ಬಿಳಿ ಪದರವನ್ನು ಸಕ್ಕರೆ ತಿಂದದ್ದರ ಫಲವೆಂದು ಬಗೆದಿದ್ದರೆ?

ಆದ್ದರಿಂದ ಮತ್ತೆ ಮತ್ತೆ ಸೋಂಕು ಬರುವವರು ಗುಳಿಗೆಯ ಡಬ್ಬಿ ತರುವ ಮೊದಲು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು, ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು. ಬಿಳಿಸೆರಗು ಎಂದೊಡನೆ ಕ್ಯಾಂಡಿಡಾ ಎಂದುಕೊಳ್ಳುವುದೂ ತಪ್ಪು. ಬ್ಯಾಕ್ಟೀರಿಯಾ ಮತ್ತು ಟ್ರೈಕೊಮೊನಾಸ್ ಸೋಂಕುಗಳಲ್ಲೂ ಸ್ರಾವವಿರುತ್ತದೆ, ಅವುಗಳ ಮದ್ದೇ ಬೇರೆ. ಸ್ರಾವದ ಒಂದು ತೊಟ್ಟಿಗೆ ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬೆರೆಸಿದರೆ ನಮ್ಮ ಕೋಶಗಳು ಕರಗಿ, ಶಿಲೀಂಧ್ರದ ಎಳೆ ಮತ್ತು ಮೊಗ್ಗುಗಳು ಉಳಿಯುತ್ತವೆ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿರುವ 400 ಪಟ್ಟು ವರ್ಧನೆಯೇ ಅವನ್ನು ಕಾಣಲು ಸಾಕು. ಅದು ಆಲ್ಬಿಕನ್ಸ್ ಹೌದೇ ಎಂದು ತಿಳಿಯಬೇಕಾದರೆ ಪ್ರಯೋಗಾಲಯದವರು ಬೆಳೆಸಿದ ಯೀಸ್ಟನ್ನು ಸೀರಮ್‌ನಲ್ಲಿ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡು-ಮೂರು ಗಂಟೆ ಇಡುತ್ತಾರೆ. ಹೌದಾದರೆ ಸಾಮಾನ್ಯವಾಗಿ ಪ್ರತಿ ಕೋಶದಿಂದ ಹೆಸರುಕಾಳಿನ ಮೊಳಕೆಯಂತೆ ಒಂದು ಪುಟ್ಟ ನಳಿಕೆ ಹೊರಬರುತ್ತದೆ.